ಒಲೆ ಒಂದೇ ಇರಲಿ, ಅನ್ನ ಕಮ್ಮಿಯಾಗಲಿ

ಅನ್ನ, ಬೆಲ್ಲ, ಮೈದಾ ಕಡಿಮೆ ಮಾಡಿ ಉಣ್ಣುವ ಕ್ರಮದ ಬಗ್ಗೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಏನು ತಿನ್ನಬೇಕು ಎಂದು ಕೇಳಿದವರು ಕಡಿಮೆ. ಮನೆಯವರ ಜೊತೆ, ನೆಂಟರ ಜೊತೆ, ಗೆಳೆಯರ ಜೊತೆ ಇದನ್ನು ನಡೆಸುವುದು ಹೇಗೆ ಎಂದು ಕೇಳಿದವರೇ ಹೆಚ್ಚು. ನಮ್ಮ ಆಹಾರ ಸಲಹಾ ಬಳಗದ ಉತ್ತರಗಳು ಇಲ್ಲಿವೆ.

ನನ್ನ ಗಂಡನಿಗೆ 54 ವರ್ಷ, ಸಕ್ಕರೆ ಕಾಯಿಲೆ ಇದೆ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಾರೆ. ಡಾಕ್ಟರು ಅನ್ನ ಕಡಿಮೆ ಮಾಡಿ ಅಂದಿದ್ದಾರೆ. ಅತ್ತೆಯವರಿಗೆ ಮಗ ಸೊರಗುತ್ತಾನೆ ಎಂಬ ಚಿಂತೆ, ಬೇಡವೆಂದರೂ ಬಡಿಸುತ್ತಾರೆ. ಎರಡೆರಡು ಅಡುಗೆ ನನ್ನಿಂದ ಆಗುತ್ತಿಲ್ಲ. — ಗೃಹಿಣಿ, ಕಾರವಾರ

ಮೊದಲು ಮಾತ್ರೆಯ ವಿಚಾರ. ಗ್ಲಿಮೆಪಿರೈಡ್ ಊಟ ಎಷ್ಟಾಗಿದೆ ಎಂದು ನೋಡುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಅನ್ನ ಇಳಿಸಿ ಮಾತ್ರೆಯನ್ನು ಹಾಗೇ ಮುಂದುವರಿಸಿದರೆ ಸಕ್ಕರೆ ಕೆಳಗೆ ಬೀಳಬಹುದು: ಕೈನಡುಕ, ಬೆವರು, ಗಾಬರಿ, ಕಣ್ಣು ಮಂಜು. ಆದ್ದರಿಂದ ಅನ್ನ ಇಳಿಸುವ ದಿನಕ್ಕಿಂತ ಮೊದಲೇ ಡಾಕ್ಟರರನ್ನು ಕಂಡು, "ಇಷ್ಟು ಗ್ರಾಂ ಇಳಿಸುತ್ತಿದ್ದೇವೆ, ಮಾತ್ರೆ ಎಷ್ಟಿರಬೇಕು?" ಎಂದು ಕೇಳಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇದ್ದವರು ಅನ್ನವನ್ನು ತೀರಾ ಬಿಟ್ಟರೆ ಮೀಟರಿನಲ್ಲಿ ಸಕ್ಕರೆ ಸರಿಯಾಗಿ ಕಾಣುತ್ತಿರುವಾಗಲೇ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಅಂಥವರು ಸ್ವಂತ ಬುದ್ಧಿಯಿಂದ ಶುರು ಮಾಡಲೇಬಾರದು. ಮೀಟರು 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇದು ಅತ್ತೆಯವರಿಗೂ ಗೊತ್ತಿರಬೇಕು, ಏಕೆಂದರೆ ಮಧ್ಯಾಹ್ನ ಮನೆಯಲ್ಲಿರುವವರು ಅವರೇ.

ಈಗ ಲೆಕ್ಕ. ಬೆಂದ ಅನ್ನ 100 ಗ್ರಾಂ ಅಂದರೆ ಸುಮಾರು 28 ಗ್ರಾಂ ಕಾರ್ಬ್ (ರಕ್ತಕ್ಕೆ ಸಕ್ಕರೆಯಾಗಿ ಸೇರುವ ಪಿಷ್ಟ, ಸಿಹಿ). ಕುಚ್ಚಲಕ್ಕಿಗೂ ಬೆಳ್ತಿಗೆಗೂ ಈ ಲೆಕ್ಕದಲ್ಲಿ ದೊಡ್ಡ ಅಂತರವಿಲ್ಲ. ಕುಚ್ಚಲಕ್ಕಿ ರಕ್ತಕ್ಕೆ ಸ್ವಲ್ಪ ನಿಧಾನವಾಗಿ ಸೇರಬಹುದು, ಅಷ್ಟೇ. ಮೀನು ಸಾರಿನ ಜೊತೆ ಸಲೀಸಾಗಿ ಇಳಿಯುವ 350 ಗ್ರಾಂ ಅನ್ನದಲ್ಲೇ 98 ಗ್ರಾಂ ಕಾರ್ಬ್ ಇದೆ. ಕಡಿಮೆ ಕಾರ್ಬ್ ಊಟ ಎಂದರೆ ಸಾಮಾನ್ಯವಾಗಿ ಇಡೀ ದಿನಕ್ಕೆ 130 ಗ್ರಾಮಿನ ಒಳಗೆ. ನಿಮ್ಮ ಮನೆಗೆ 110ರ ಸುಮಾರು ಸಾಕು, 20-30ಕ್ಕೆ ಇಳಿಯುವ ಕೀಟೋ ಬೇಡ.

ಒಂದು ದಿನ ಹೀಗಿರಬಹುದು. ಬೆಳಿಗ್ಗೆ 50 ಗ್ರಾಂ ಹೆಸರುಕಾಳಿನ ಎರಡು ದೋಸೆ, ಎರಡು ಮೊಟ್ಟೆ. ಮಧ್ಯಾಹ್ನ 100 ಗ್ರಾಂ ಅನ್ನ, ಎರಡು ಬಂಗಡೆ, ಎರಡು ಬಟ್ಟಲು ಬಸಳೆ ಅಥವಾ ಬೆಂಡೆ. ಸಂಜೆ ಒಂದು ಹಿಡಿ ಶೇಂಗಾ. ರಾತ್ರಿ 75 ಗ್ರಾಂ ಅನ್ನ, ತೆಂಗಿನಕಾಯಿ ಹಾಕಿದ ಸಾರು, ಪಲ್ಯ. ಸಕ್ಕರೆ ಇಲ್ಲದ ಎರಡು ಚಹಾ ಸೇರಿ 105ರಿಂದ 115 ಗ್ರಾಂ ಆಗುತ್ತದೆ. ಗಂಜಿ ಬೇಕೇ ಬೇಕು ಎಂದರೆ ಬಟ್ಟಲಲ್ಲಿ ಅಳೆಯಬೇಡಿ, ನೀರು ಮೋಸ ಮಾಡುತ್ತದೆ. ಹಸಿ ಅಕ್ಕಿಯನ್ನೇ ತೂಗಿ: 30 ಗ್ರಾಂ ಅಕ್ಕಿ, 23 ಗ್ರಾಂ ಕಾರ್ಬ್.

ಎರಡು ಅಡುಗೆ ಬೇಡ. ಇರುವ ಅಡುಗೆಯಲ್ಲಿ ಮೂರು ಕಡೆ ಕೈ ಹಾಕಿದರೆ ಸಾಕು. ಮೊದಲನೆಯದು ಸಾರು. ನಮ್ಮ ಕಡೆಯ ಸಾರಿನ ಉಪ್ಪು, ಹುಳಿ, ಖಾರ ಇರುವುದೇ ಅನ್ನಕ್ಕೆ ಕಲಸುವ ಲೆಕ್ಕದಲ್ಲಿ. ಅನ್ನ ಇಳಿದ ಕೂಡಲೇ ಸಾರು ನಾಲಿಗೆಗೆ ಜೋರಾಗುತ್ತದೆ, ಸಾರೂ ಮೀನೂ ಕಡಿಮೆ ಹೋಗುತ್ತವೆ, ಹೊಟ್ಟೆ ತುಂಬುವುದಿಲ್ಲ, ಮೂರನೇ ದಿನ ಅನ್ನ ವಾಪಸ್ ಬರುತ್ತದೆ. ಈ ಪಥ್ಯ ಕೆಡುವುದು ಹೆಚ್ಚಾಗಿ ಇಲ್ಲೇ, ಮನಸ್ಸು ಗಟ್ಟಿ ಇಲ್ಲ ಎಂಬ ಬೈಗುಳ ಮಾತ್ರ ಗಂಡಸರಿಗೆ. ಉಪ್ಪು, ಮೆಣಸು ಎರಡನ್ನೂ ಮೂರನೇ ಒಂದು ಪಾಲು ಇಳಿಸಿ, ಸಾರು ಮಂದ ಮಾಡಿ, ಬಟ್ಟಲಲ್ಲಿ ಹಾಕಿ ಚಮಚದಲ್ಲಿ ತಿನ್ನುವಂತೆ ಕೊಡಿ. ಮಸಾಲೆ ಅರೆಯುವಾಗ ಹಿಡಿ ಅಕ್ಕಿ ಸೇರಿಸುವ ರೂಢಿ ಇದ್ದರೆ ಬಿಟ್ಟು, ಮಂದಕ್ಕೆ ಕೊತ್ತಂಬರಿ ಬೀಜ ಮತ್ತು ಕಾಯಿ ಜಾಸ್ತಿ ಮಾಡಿ.

ಎರಡನೆಯದು ಮೀನು ಹುರಿಯುವ ರವೆ. ಒಂದು ಬಂಗಡೆಗೆ ಒಂದು ಟೇಬಲ್ ಚಮಚ ರವೆ ಹತ್ತಿದರೂ 7 ಗ್ರಾಂ ಕಾರ್ಬ್. ಎರಡು ಬಂಗಡೆಗೆ 50 ಗ್ರಾಂ ಅನ್ನ ತಿಂದ ಹಾಗೆಯೇ. ರವೆ ಬಿಟ್ಟರೆ ಮೀನು ಕಾವಲಿಗೆ ಹಿಡಿಯುತ್ತದೆ ಎಂಬ ದೂರು ಇದೆ. ಮೀನು ಒದ್ದೆ ಇದ್ದರೆ, ಕಾವಲಿ ಸಾಕಷ್ಟು ಕಾಯದಿದ್ದರೆ ಹಿಡಿಯುತ್ತದೆ. ಗೀರು ಹಾಕಿ, ಮೆಣಸಿನಪುಡಿ, ಅರಿಶಿನ, ಉಪ್ಪು, ಹುಳಿ ಗಟ್ಟಿಯಾಗಿ ಹಚ್ಚಿ 20 ನಿಮಿಷ ಬಿಟ್ಟು, ಇಳಿದ ನೀರು ಚೆಲ್ಲಿ, ಬಟ್ಟೆಯಲ್ಲಿ ಒತ್ತಿ, ಕಾದ ಕೊಬ್ಬರಿ ಎಣ್ಣೆಗೆ ಹಾಕಿ. ನಾಲ್ಕೈದು ನಿಮಿಷ ಮುಟ್ಟಬೇಡಿ. ಅಂಚು ತಾನಾಗಿ ಏಳುತ್ತದೆ, ಆಗ ಮಗುಚಿ.

ಮೂರನೆಯದು ಬಡಿಸುವ ಕ್ರಮ, ಇದನ್ನು ಪೂರ್ತಿ ಅತ್ತೆಯವರಿಗೇ ಬಿಡಿ. ಬಡಿಸುವವರಿಂದ ಸೌಟು ಕಸಿದುಕೊಂಡರೆ ಜಗಳ. ಬಡಿಸಲು ಬೇರೇನೋ ಕೊಟ್ಟರೆ ಜಗಳವಿಲ್ಲ. ಅನ್ನದ ಪಾತ್ರೆ ಒಲೆ ಹತ್ತಿರವೇ ಇರಲಿ, ಮೀನು, ಪಲ್ಯ, ಸಾರು ಊಟದ ಜಾಗಕ್ಕೆ ಬರಲಿ. ಮಗನಿಗೆ ಮತ್ತೆ ಮತ್ತೆ ಹಾಕುವುದು ಇವನ್ನೇ ಆಗಲಿ. ಒಂದು ಬಟ್ಟಲನ್ನು ತಕ್ಕಡಿಯಲ್ಲಿಟ್ಟು 100 ಗ್ರಾಂ ಅನ್ನ ಎಲ್ಲಿವರೆಗೆ ಬರುತ್ತದೆ ಎಂದು ಒಮ್ಮೆ ನೋಡಿಟ್ಟುಕೊಂಡರೆ ದಿನಾ ತೂಗಬೇಕಿಲ್ಲ. ಪಲ್ಯ, ಮೀನು ಮೊದಲು, ಅನ್ನ ಕೊನೆಗೆ: ಅದೇ ಊಟವಾದರೂ ಈ ಕ್ರಮದಲ್ಲಿ ಉಂಡರೆ ಸಕ್ಕರೆ ಕಡಿಮೆ ಏರುತ್ತದೆ. ಸೊರಗುವ ಚಿಂತೆಗೆ ಮಾತಿನಲ್ಲಿ ಉತ್ತರ ಕೊಡಬೇಡಿ. ಊಟಕ್ಕೆ ಮೊದಲು ಮತ್ತು ಮೊದಲ ತುತ್ತಿನಿಂದ ಎರಡು ಗಂಟೆಗೆ ಮೀಟರು ನೋಡಿ, ಎರಡೂ ಅಂಕಿಯನ್ನು ಅತ್ತೆಯವರ ಕೈಯಿಂದಲೇ ಕ್ಯಾಲೆಂಡರಿನ ಮೇಲೆ ಬರೆಸಿ. ಎರಡನೇ ಅಂಕಿ 180ರ ಒಳಗಿರಬೇಕು ಎಂದು ಹೇಳಿಕೊಟ್ಟರೆ ಸಾಕು. ಮೂರು ತಿಂಗಳಿಗೊಮ್ಮೆ, ಆ ಅವಧಿಯ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಜೊತೆಗೆ ಕೊಲೆಸ್ಟರಾಲ್ ಮಾಡಿಸಿ. ಕೆಲವರಿಗೆ ಈ ಊಟದಲ್ಲಿ ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ ಏರುತ್ತದೆ.

ನಮ್ಮದು ಸಸ್ಯಾಹಾರಿ ಮನೆ. ಮದುವೆ, ಉಪನಯನ, ಶ್ರಾದ್ಧ ಅಂತ ವಾರಕ್ಕೊಂದು ಊಟದ ಮನೆ. ಪಂಕ್ತಿಯಲ್ಲಿ ಕೂತು ಬೇಡ ಅನ್ನಲು ದಾಕ್ಷಿಣ್ಯ. ಸಕ್ಕರೆ ಬಿಟ್ಟು ಜೋನಿಬೆಲ್ಲ (ದ್ರವ ಬೆಲ್ಲ) ಬಳಸಿದರೆ ಆಗದೇ? — ಶಿರಸಿಯಿಂದ ಒಬ್ಬರು

ಜೋನಿಬೆಲ್ಲದ ಒಂದು ಟೇಬಲ್ ಚಮಚದಲ್ಲಿ ಸುಮಾರು 15 ಗ್ರಾಂ ಕಾರ್ಬ್. ರುಚಿ ಬೇರೆ, ರಕ್ತಕ್ಕೆ ಅದು ಸಕ್ಕರೆಯೇ.

ಊಟದ ಮನೆಯಲ್ಲಿ ದಾಕ್ಷಿಣ್ಯಕ್ಕೆ ಕಾರಣ ಎಲೆಯ ಖಾಲಿ ಜಾಗ. ಬಡಿಸುವವರ ಕಣ್ಣು ಅದರ ಮೇಲೆಯೇ. ಕೋಸಂಬರಿ, ಪಲ್ಯ, ಹಶಿಯನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡರೆ "ಏನೂ ಉಣ್ಣಲಿಲ್ಲ" ಎಂಬ ಮಾತು ಬರುವುದಿಲ್ಲ. ತಂಬುಳಿ, ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸದೆ ಲೋಟದಲ್ಲಿ ತೆಗೆದುಕೊಳ್ಳಿ. ಕುಡಿಯುವುದು ನಮ್ಮಲ್ಲಿ ಹೊಸತೇನಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಮನೆಯವರಿಗೆ ಮುಂಚೆಯೇ ಫೋನಿನಲ್ಲಿ ಒಂದು ಮಾತು ಹೇಳಿಡಿ. ಪಂಕ್ತಿಯ ನಡುವೆ ಹೇಳಿದರೆ ಅದು ಚರ್ಚೆಯಾಗುತ್ತದೆ. ಸಿಹಿ ಯಾವುದಾದರೂ ಒಂದು, ಅದೂ ಅರ್ಧ. ಅನ್ನ ಒಂದೇ ಸಲ. ಪಕ್ಕದಲ್ಲಿ ಕೂರಲು ನಿಮ್ಮ ಹಾಗೇ ಉಣ್ಣುವ ಒಬ್ಬರು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಊರಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಬರವಿಲ್ಲವಲ್ಲ.

ನಿಮ್ಮ ಪತ್ರದಲ್ಲಿ ಕಾಣದ ತೊಂದರೆ ಒಂದಿದೆ: ಪ್ರೋಟೀನು. ನಮ್ಮ ದೇಶದ ಊಟದ ಶಕ್ತಿಯಲ್ಲಿ ಸುಮಾರು 62% ಕಾರ್ಬಿನಿಂದ ಬರುತ್ತದೆ ಎಂದು 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಹೇಳುತ್ತದೆ. ಸಸ್ಯಾಹಾರಿಗಳು ಅನ್ನ ತೆಗೆದು ಆ ಜಾಗದಲ್ಲಿ ಬರೀ ತಂಬುಳಿ, ಪಲ್ಯ ಇಟ್ಟರೆ ಎರಡು ವಾರದಲ್ಲಿ ಸುಸ್ತು, ಸಂಜೆ ಚಕ್ಕುಲಿ ಡಬ್ಬಕ್ಕೆ ಕೈ. 60 ಕಿಲೋ ತೂಕದವರಿಗೆ ದಿನಕ್ಕೆ 50-60 ಗ್ರಾಂ ಪ್ರೋಟೀನು ಬೇಕು. 100 ಗ್ರಾಂ ಪನೀರಿನಿಂದ 18, 50 ಗ್ರಾಂ ಹೆಸರುಕಾಳಿನಿಂದ 12, 25 ಗ್ರಾಂ ಒಣ ಸೋಯಾದಿಂದ 13, ಒಂದು ಹಿಡಿ ಶೇಂಗಾದಿಂದ 7, ಒಂದು ದೊಡ್ಡ ಬಟ್ಟಲು ಮೊಸರಿನಿಂದ 6. ಕೂಡಿದರೆ 56.

ತೆಳ್ಳೇವಿನ (ತೆಳು ಅಕ್ಕಿ ದೋಸೆಯ) ಜಾಗಕ್ಕೆ ಹೆಸರುಕಾಳಿನ ದೋಸೆ: ನಾಲ್ಕು ಪಾಲು ಕಾಳು, ಒಂದು ಪಾಲು ಉದ್ದು, ಆರು ಗಂಟೆ ನೆನೆಸಿ, ಶುಂಠಿ, ಹಸಿಮೆಣಸು ಹಾಕಿ ನುಣ್ಣಗೆ ಅರೆಯಿರಿ. ತರಿ ಉಳಿದರೆ ದೋಸೆ ಹರಿಯುತ್ತದೆ. ಹುದುಗಬೇಕಿಲ್ಲ, ಹಾಗಾಗಿ ಮಳೆಗಾಲದ ಚಳಿಯಲ್ಲೂ ಕೈಕೊಡುವುದಿಲ್ಲ. ಬಾಳೆಕಾಯಿ, ಹಲಸಿನ ಬೇಳೆ, ಕೆಸುವಿನ ಗಡ್ಡೆ ಮಾತ್ರ ತರಕಾರಿ ಲೆಕ್ಕಕ್ಕೆ ಬರುವುದಿಲ್ಲ, ಅನ್ನದ ಲೆಕ್ಕಕ್ಕೆ ಬರೆದುಕೊಳ್ಳಿ. ಬಾಳೆದಿಂಡು, ಸೌತೆ, ಹೀರೆ, ಒಂದೆಲಗ ಧಾರಾಳ.

ಬೆಳಿಗ್ಗೆ ಸಮುದ್ರ ದಂಡೆಯಲ್ಲಿ ವಾಕಿಂಗ್ ಬರುವ ನಾವು ಏಳು ಜನ ಸೇರಿ ಅನ್ನ ಕಮ್ಮಿ ಮಾಡಬೇಕೆಂದಿದ್ದೇವೆ. ವಾಟ್ಸಾಪ್ ಗುಂಪೂ ಆಗಿದೆ. ಹೇಗೆ ನಡೆಸುವುದು? — ಅಂಕೋಲಾ

ಗುಂಪಿನಲ್ಲಿ ತೂಕದ ಪೈಪೋಟಿ ಇಡಬೇಡಿ. ಮೊದಲ ಎರಡು ವಾರ ಇಳಿಯುವುದರಲ್ಲಿ ಬಹುಪಾಲು ನೀರು: ದೇಹದಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಕರಗುವಾಗ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಹೊರಹೋಗುತ್ತದೆ. ಒಬ್ಬರಿಗೆ ಮೂರು ಕಿಲೋ, ಇನ್ನೊಬ್ಬರಿಗೆ ಅರ್ಧ ಕಿಲೋ. ಆ ಅರ್ಧ ಕಿಲೋದವರು ನಾಚಿ ಗುಂಪು ಬಿಡುತ್ತಾರೆ. ಆಮೇಲೆ ವಾರಕ್ಕೆ ಅರ್ಧ ಕಿಲೋ ಇಳಿದರೂ ಒಳ್ಳೆಯದೇ. ವಾರಕ್ಕೊಮ್ಮೆ, ಪ್ರತಿ ಸಲ ಅದೇ ದಿನ, ಅದೇ ಹೊತ್ತಿಗೆ ತೂಗಿ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟ ಅಳೆದು ತಮ್ಮ ತಮ್ಮ ಪುಸ್ತಕದಲ್ಲೇ ಬರೆದುಕೊಳ್ಳಿ. ತೂಕ ನಿಂತಾಗಲೂ ಸೊಂಟ ಇಳಿಯುತ್ತಿರಬಹುದು.

ವಾಟ್ಸಾಪಿಗೆ ಹಾಕಬೇಕಾದದ್ದು ಮಧ್ಯಾಹ್ನದ ತಟ್ಟೆಯ ಫೋಟೊ, ಉಣ್ಣುವ ಮೊದಲು ತೆಗೆದದ್ದು. ಅನ್ನ ಜಾಸ್ತಿಯಾಗಿದೆ ಎಂದು ಯಾರಾದರೂ ಹೇಳಬಹುದು, ಅಷ್ಟಕ್ಕೆ ನಿಲ್ಲಲಿ. ಮಾತ್ರೆಯ ವಿಷಯ ಗುಂಪಿನಲ್ಲಿ ಬರಲೇಕೂಡದು. "ನಾನು ಬಿಟ್ಟೆ, ನೀವೂ ಬಿಡಿ" ಎಂಬ ಒಂದು ಸಂದೇಶದಿಂದ ಆಸ್ಪತ್ರೆ ಸೇರುವ ಹಾಗಾಗುತ್ತದೆ. ಗುರುತಿಲ್ಲದ ಕಡೆಯಿಂದ ಬಂದ ಕಷಾಯದ ಫಾರ್ವರ್ಡುಗಳಿಗೂ ಬಾಗಿಲು ಹಾಕಿ.

ಏಳು ಜನರಲ್ಲಿ ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳುವುದು ಅಂದರೆ ಯಾರೂ ಯಾರನ್ನೂ ನೋಡದಿರುವುದು. ಇಬ್ಬಿಬ್ಬರ ಜೋಡಿ ಮಾಡಿ, ಒಂದು ಕಡೆ ಮೂವರು. ಚೌತಿ, ದೀಪಾವಳಿ ಮುಗಿದ ಮರುದಿನ ಜೋಡಿಯವರು ಫೋನು ಮಾಡಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ, ಜನ ಕಳಚಿಕೊಳ್ಳುವುದು ಹಬ್ಬದ ದಿನವಲ್ಲ, ಅದರ ಮಾರನೇ ವಾರ. ಮೀನು, ಮೊಟ್ಟೆ ಒಟ್ಟಾಗಿ ಕೊಂಡು ಹಂಚಿಕೊಂಡರೆ ಖರ್ಚೂ ಇಳಿಯುತ್ತದೆ. ಗ್ಲುಕೋಮೀಟರು ಆದಷ್ಟೂ ಪ್ರತಿಯೊಬ್ಬರದೂ ಬೇರೆ ಇರಲಿ. ಬೆರಳು ಚುಚ್ಚುವ ಸೂಜಿ ಮತ್ತು ಚುಚ್ಚುವ ಪೆನ್ನನ್ನಂತೂ ಗಂಡ ಹೆಂಡತಿಯೂ ಹಂಚಿಕೊಳ್ಳಬಾರದು, ಹೆಪಟೈಟಿಸ್ ಬಿ ಹಾಗೆಯೇ ದಾಟುತ್ತದೆ.

ಅನ್ನ ಬಿಟ್ಟು ನಾಲ್ಕು ದಿನ. ತಲೆನೋವು, ಕಾಲು ಸೆಳೆತ, ಮಲಬದ್ಧತೆ. — ಹೊನ್ನಾವರ

ನೀರಿನ ಜೊತೆ ಉಪ್ಪೂ ಹೋಗಿದೆ. ಒಂದು ಲೋಟ ಮಜ್ಜಿಗೆಗೆ ಕಾಲು ಚಮಚ ಉಪ್ಪು, ದಿನಕ್ಕೆ ಎರಡು ಸಲ. ಇಲ್ಲವೇ ಬೆಲ್ಲ ಹಾಕದ ಮುರುಗಲು ಸಾರು. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಡಾಕ್ಟರರನ್ನು ಕೇಳದೆ ಉಪ್ಪು ಏರಿಸಬಾರದು. ಮಲಬದ್ಧತೆಗೆ ಸೊಪ್ಪು, ಬಾಳೆದಿಂಡು, ಸಾಕಷ್ಟು ನೀರು. ಒಂದೇ ಏಟಿಗೆ ಬಿಟ್ಟದ್ದೇ ಮೂಲ. ಒಂದು ಹೊತ್ತಿಗೆ 75 ಗ್ರಾಂ ಅನ್ನ ವಾಪಸ್ ತನ್ನಿ, ವಾರವಾದ ಮೇಲೆ ಮತ್ತೆ ಇಳಿಸಿ.

ಜೂನ್, ಜುಲೈನಲ್ಲಿ ದೋಣಿ ಇಳಿಯುವುದಿಲ್ಲ. ಮೀನಿನ ದರ ಕೇಳುವ ಹಾಗಿಲ್ಲ. ಆಗ ಏನು ತಿನ್ನುವುದು? — ಭಟ್ಕಳ

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವಾಗ ಮೊಟ್ಟೆಯೇ ಅಗ್ಗ. ಎರಡು ಮೊಟ್ಟೆಯಲ್ಲಿ 12 ಗ್ರಾಂ ಪ್ರೋಟೀನು, ಕಾರ್ಬ್ ಒಂದು ಗ್ರಾಮಿನ ಆಸುಪಾಸು. ಮೊಟ್ಟೆಯನ್ನು ಮೀನಿನ ಮಸಾಲೆಯಲ್ಲೇ ಮಾಡಿದರೆ ಮನೆಯವರೂ ಗೊಣಗುವುದಿಲ್ಲ. ಒಣ ಶೆಟ್ಲಿ (ಸೀಗಡಿ), ಒಣ ಬಂಗಡೆಯಲ್ಲಿ ಪ್ರೋಟೀನು ತುಂಬ, ಉಪ್ಪೂ ತುಂಬ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು, ಸಾರಿಗೆ ಬೇರೆ ಉಪ್ಪು ಹಾಕಬೇಡಿ. ಬಿಪಿಯವರಿಗೆ ವಾರಕ್ಕೊಮ್ಮೆ ಸಾಕು.

ಮಳೆಗಾಲದ ಕಳಲೆ (ಎಳೆ ಬಿದಿರು) ಈ ಊಟಕ್ಕೆ ಹೇಳಿ ಮಾಡಿಸಿದ್ದು, ಕಾರ್ಬ್ ತೀರಾ ಕಡಿಮೆ. ಹೆಚ್ಚಿದ ಹೋಳನ್ನು ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಕೊನೆಗೆ ಕುದಿಸಿ ಆ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಅವಸರ ಮಾಡಿದರೆ ವಿಷ. ಶ್ರಾವಣದಲ್ಲಿ ಮೀನು ಬಿಡುವವರು ಶಿರಸಿಯವರಿಗೆ ಕೊಟ್ಟ ಲೆಕ್ಕವನ್ನೇ ಹಿಡಿಯಬಹುದು.

ಅಪ್ಪನ ಜೊತೆ ನಾನೂ ಶುರು ಮಾಡಲೇ? ನನಗೆ 16. ಅಕ್ಕ ಬಸುರಿ, ಅವಳೂ ಕೇಳುತ್ತಿದ್ದಾಳೆ. — ಕುಮಟಾ

ಇಬ್ಬರಿಗೂ ಬೇಡ. ಬೆಳೆಯುವ ವಯಸ್ಸಿನಲ್ಲಿ, ಬಸುರಿನಲ್ಲಿ, ಮೊಲೆ ಹಾಲು ಕೊಡುವಾಗ ಅನ್ನ ಕಡಿತದ ಪಥ್ಯ ಡಾಕ್ಟರರು ಹೇಳದೆ ಮಾಡಬಾರದು. ಬಸುರಿನಲ್ಲಿ ಸಕ್ಕರೆ ಏರಿದ್ದರೂ ಎಷ್ಟು ಕಡಿಮೆ ಮಾಡಬೇಕೆಂದು ಅವರೇ ಹೇಳಬೇಕು. ನೀವು ಅಪ್ಪನ ಜೊತೆ ಬಿಡಬಹುದಾದದ್ದು ತಂಪು ಪಾನೀಯ, ಬೇಕರಿ ತಿಂಡಿ ಮತ್ತು ಚಹಾದ ಸಕ್ಕರೆ. ಅನ್ನ ನಿಮ್ಮ ಹಸಿವಿನಷ್ಟು ಉಣ್ಣಿ. ಅಪ್ಪ ಊಟಕ್ಕೆ ಕೂತಾಗ ಬೇಕರಿ ಪೊಟ್ಟಣ ಎದುರಿಗೆ ಬಿಚ್ಚದಿದ್ದರೆ ಅವರಿಗೆ ಅದೇ ದೊಡ್ಡ ಸಹಾಯ.