ಸಂಪಾದಕರ ಉತ್ತರ: ಕಾರ್ಟನ್ ಆಡದ ಮಾತು, ಶವಪೆಟ್ಟಿಗೆಯೊಳಗಿನ ಕಲ್ಲು

ಮಾನ್ಯ ಓದುಗರೇ,

ಚಾರ್ಲ್ಸ್ ಡಿಕನ್ಸ್‌ನ ‘ಎ ಟೇಲ್ ಆಫ್ ಟು ಸಿಟೀಸ್’ ಕಾದಂಬರಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ 20 ಪ್ರಶ್ನೆಗಳ ರಸಪ್ರಶ್ನೆಯ ಬಗ್ಗೆ ತಾವು ಬರೆದ ದೀರ್ಘ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲದ ಕಾರಣ ಉಳಿದ ಓದುಗರ ತಿಳಿವಳಿಕೆಗಾಗಿ ಅದರ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ. ತಾವು ಈ ಕಾದಂಬರಿಯನ್ನು ವಿದ್ಯಾರ್ಥಿಯಾಗಿದ್ದಾಗ ಒಮ್ಮೆ, ಈಚೆಗೆ ಮತ್ತೊಮ್ಮೆ ಓದಿದ್ದೀರಿ. ಆದರೂ ತಮಗೆ ಬಂದದ್ದು 20ಕ್ಕೆ 11 ಅಂಕ. ಫ್ರೆಂಚ್ ಕ್ರಾಂತಿಯ ಇಸವಿಗಳನ್ನಾಗಲಿ ನಾಯಕರನ್ನಾಗಲಿ ಕೇಳದೆ, ರೋಗಿಯೊಬ್ಬಳು ಎಷ್ಟರವರೆಗೆ ಎಣಿಸುತ್ತಾಳೆ, ಶವಪೆಟ್ಟಿಗೆಯಲ್ಲಿ ಏನಿತ್ತು ಎಂಬಂಥ ಚಿಲ್ಲರೆ ಸಂಗತಿಗಳನ್ನು ಕೇಳಿದ್ದೀರಿ, ಕೊನೆಯ ಪ್ರಶ್ನೆಯಂತೂ ಓದುಗನನ್ನು ಬೀಳಿಸಲೆಂದೇ ತೋಡಿದ ಹಳ್ಳ ಎಂಬುದು ತಮ್ಮ ಆಕ್ಷೇಪ. ಪುಸ್ತಕವನ್ನು ಎದುರಿಗಿಟ್ಟುಕೊಂಡು ಉತ್ತರಿಸಬಹುದೇ ಎಂಬ ಪ್ರಶ್ನೆಯೊಂದೂ ಪತ್ರದ ಕೊನೆಯಲ್ಲಿದೆ.

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ತಮ್ಮ ಸಿಟ್ಟಿನ ಬಹುಪಾಲು ಅದರ ಮೇಲಿದೆ. ಕಾದಂಬರಿಯ ಪ್ರಸಿದ್ಧ ಅಂತಿಮ ವಾಕ್ಯವನ್ನು, ಮರಣದಂಡನೆಗೆ ಗುರಿಯಾದ ಚಾರ್ಲ್ಸ್ ಡಾರ್ನೆಯ ಬದಲು ತಾನೇ ಸಾಯಲು ಹೋಗುವ ಸಿಡ್ನಿ ಕಾರ್ಟನ್ ವಧಾಸ್ಥಾನದಲ್ಲಿ ನಿಂತು ನುಡಿಯುತ್ತಾನೆ ಎಂಬ ಹೇಳಿಕೆ ಸರಿಯೋ ತಪ್ಪೋ ಎಂದು ನಾವು ಕೇಳಿದ್ದೆವು. ತಾವು ‘ಸರಿ’ ಎಂದು ಬರೆದಿರಿ; ಹಲವರು ಹಾಗೆಯೇ ಬರೆದರು. ತಾನು ಈವರೆಗೆ ಮಾಡಿದ್ದೆಲ್ಲಕ್ಕಿಂತ ಮೇಲಾದ ಕಾರ್ಯವನ್ನು ಈಗ ಮಾಡುತ್ತಿದ್ದೇನೆ ಎಂಬರ್ಥದ ಆ ಮಾತು ಉದ್ಧರಣ ಚಿಹ್ನೆಗಳೊಳಗೇ ಇದೆ, ‘ನಾನು’ ಎಂದೇ ಇದೆ, ಮತ್ತೆ ಇನ್ನಾರ ಮಾತು ಎಂದು ತಾವು ಕೇಳಿದ್ದೀರಿ. ಆದರೆ ಆ ಉದ್ಧರಣೆ ಆರಂಭವಾಗುವ ಮುನ್ನ ನಿರೂಪಕ ಏನು ಹೇಳುತ್ತಾನೆಂಬುದನ್ನು ದಯವಿಟ್ಟು ಇನ್ನೊಮ್ಮೆ ನೋಡಬೇಕು. ಅದೇ ಕೊಡಲಿಗೆ ತುತ್ತಾದ ಒಬ್ಬ ಹೆಂಗಸು, ಸ್ವಲ್ಪ ಕಾಲದ ಹಿಂದೆ, ಅದೇ ಕಟ್ಟೆಯ ಬುಡದಲ್ಲಿ ನಿಂತು, ತನ್ನ ಮನಸ್ಸಿಗೆ ಬರುತ್ತಿರುವ ವಿಚಾರಗಳನ್ನು ಬರೆದಿಡಲು ಅನುಮತಿ ಬೇಡಿದ್ದಳೆಂದು ಅವನು ಹೇಳುತ್ತಾನೆ. ಕಾದಂಬರಿ ಆಕೆಯನ್ನು ಹೆಸರಿಸುವುದಿಲ್ಲ. ಆಕೆ 1793ರ ನವೆಂಬರ್‌ನಲ್ಲಿ ಶಿರಚ್ಛೇದಕ್ಕೆ ಗುರಿಯಾದ, ಕ್ರಾಂತಿಯ ಕಾಲದ ಹೆಸರಾಂತ ಮಹಿಳೆ ಮದಾಂ ರೋಲಾಂ. ಆ ಮಾತಿನ ಬೆನ್ನಿಗೇ ನಿರೂಪಕ, ಕಾರ್ಟನ್ ಕೂಡ ತನ್ನ ವಿಚಾರಗಳಿಗೆ ಬಾಯಿ ಕೊಟ್ಟಿದ್ದರೆ, ಅವು ಭವಿಷ್ಯವನ್ನು ಕಂಡ ವಿಚಾರಗಳಾಗಿದ್ದರೆ, ಹೀಗಿರುತ್ತಿದ್ದವು ಎಂದು ಮುಂದುವರಿಯುತ್ತಾನೆ. ಅಂದರೆ ಅವನು ಬಾಯಿ ಕೊಡಲಿಲ್ಲ. ರಂಗಭೂಮಿಯೂ ಸಿನಿಮಾವೂ ಆ ವಾಕ್ಯವನ್ನು ಅವನ ಧ್ವನಿಯಲ್ಲೇ ಕೇಳಿಸಿ ನಮ್ಮ ಕಿವಿಗಳಿಗೆ ರೂಢಿ ಮಾಡಿಸಿರುವುದರಿಂದ, ಪುಸ್ತಕ ಓದುವಾಗಲೂ ನಾವು ಆ ಷರತ್ತನ್ನು ಹಾರಿಸಿಕೊಂಡು ಮುಂದೆ ಹೋಗಿಬಿಡುತ್ತೇವೆ.

ಇದು ಬರಿಯ ಕೂದಲು ಸೀಳುವ ಕೆಲಸವಲ್ಲ. ಕಾರ್ಟನ್ ಆ ಹೊತ್ತಿಗೆ ಇನ್ನೊಬ್ಬನ ಹೆಸರಿನಲ್ಲಿ ನಿಂತಿದ್ದಾನೆ; ಆ ಇನ್ನೊಬ್ಬನಾದ ಚಾರ್ಲ್ಸ್ ಡಾರ್ನೆ, ಹೆಂಡತಿ ಮಗಳೊಂದಿಗೆ ಗಾಡಿಯಲ್ಲಿ ಪ್ಯಾರಿಸ್ಸಿನಿಂದ ದೂರ ಓಡುತ್ತಿದ್ದಾನೆ. ಕಟ್ಟೆಯ ಮೇಲೆ ನಿಂತು ಅವನು ತನ್ನ ಮನಸ್ಸನ್ನು ಬಿಚ್ಚಿ ಹೇಳಿದ್ದರೆ ಗುಟ್ಟು ರಟ್ಟಾಗಿ, ಗಾಡಿಯ ಬೆನ್ನು ಹತ್ತಲು ಕುದುರೆ ಸವಾರರು ಹೊರಡುತ್ತಿದ್ದರು. ಇಡೀ ಕಾದಂಬರಿಯಲ್ಲಿ ಕುಡಿದೋ ಬೇಸತ್ತೋ ತನ್ನನ್ನು ತಾನೇ ಹಳಿದುಕೊಂಡು ಮಾತಾಡುತ್ತಿದ್ದ ಮನುಷ್ಯ ಕೊನೆಯ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡು ಸಾಯುತ್ತಾನೆ. ಆ ಮೌನವೂ ಅವನ ತ್ಯಾಗದ ಒಂದು ಭಾಗ. ಡಾರ್ನೆಯ ಹೆಂಡತಿಯ ಹೆಸರು, ಕಾರ್ಟನ್ ಯಾರ ಜಾಗದಲ್ಲಿ ನಿಲ್ಲುತ್ತಾನೋ ಆ ಕೈದಿಯ ಹೆಸರು ಯಾವ ಸಾರಾಂಶದಲ್ಲೂ ಸಿಗುತ್ತವೆ. ಅವನು ಮಾತಾಡಲಿಲ್ಲ ಎಂಬುದು ಪುಟದ ಮೇಲೆ ಕಣ್ಣು ನಿಲ್ಲಿಸಿದವರಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ಆ ಪ್ರಶ್ನೆಗೆ ಅಂಕ ಕೊಡಬೇಕೆಂಬ ತಮ್ಮ ಕೋರಿಕೆಯನ್ನು ಒಪ್ಪಲಾಗದು.

ಇನ್ನು ಶವಪೆಟ್ಟಿಗೆ. ಟೆಲ್ಸನ್ ಬ್ಯಾಂಕಿನ ಬಾಗಿಲಲ್ಲಿ ಕೂತು ಓಲೆ ಮುಟ್ಟಿಸುವ ಚಿಲ್ಲರೆ ಕೆಲಸದ ಜೆರ್ರಿ ಕ್ರಂಚರ್ ತಮಗೆ ನಗೆಪಾತ್ರವಾಗಿಯಷ್ಟೇ ಕಂಡಿದ್ದಾನೆ. ಅವನ ಪ್ರಸಂಗಗಳನ್ನು ಕಥೆಯ ಬಿಗಿಯನ್ನು ಸಡಿಲಿಸುವ ವಿರಾಮಗಳೆಂದು ಬರೆದಿದ್ದೀರಿ. ಎರಡನೆಯ ಭಾಗದ ಮೊದಲ ಅಧ್ಯಾಯದಲ್ಲೇ ಅವನ ಚಿಕ್ಕ ಮಗ, ಅಪ್ಪನ ಬೆರಳುಗಳಲ್ಲಿ ಯಾವಾಗಲೂ ಕಬ್ಬಿಣದ ತುಕ್ಕು ಅಂಟಿರುತ್ತದಲ್ಲ, ಬ್ಯಾಂಕಿನ ಬಾಗಿಲಲ್ಲಿ ತುಕ್ಕೇ ಇಲ್ಲವಲ್ಲ ಎಂದು ಅಚ್ಚರಿಪಡುತ್ತಾನೆ. ಬಹಳ ಪುಟಗಳಾದ ಮೇಲೆ, ಗೂಢಚಾರನೆಂದು ಜನ ಬೈಯುತ್ತ ಹಿಂಬಾಲಿಸಿದ ರೋಜರ್ ಕ್ಲೈಯ ಶವಯಾತ್ರೆ ಮುಗಿದ ರಾತ್ರಿ, ಜೆರ್ರಿ ಚೀಲ, ಹಾರೆ, ಹಗ್ಗ, ಸರಪಳಿಗಳನ್ನು ಹಿಡಿದು ‘ಮೀನು ಹಿಡಿಯಲು’ ಹೊರಡುವಾಗ ಆ ತುಕ್ಕಿನ ಮೂಲ ತಿಳಿಯುತ್ತದೆ: ಅವನು ಹೆಣ ಕದ್ದು ಮಾರುವವನು. ಮರುದಿನ ಬೆಳಿಗ್ಗೆ ಅವನು ಕೆಂಡವಾಗಿರುವುದನ್ನು ಕಂಡು ರಾತ್ರಿಯ ಕೆಲಸ ಕೆಟ್ಟಿದೆ ಎಂದಷ್ಟೇ ಗೊತ್ತಾಗುತ್ತದೆ. ಏಕೆ ಕೆಟ್ಟಿತು ಎಂಬುದನ್ನು ಡಿಕನ್ಸ್ ಹೇಳದೆ ಮುಚ್ಚಿಡುತ್ತಾನೆ. ಮೂರನೆಯ ಭಾಗದಲ್ಲಿ ಕಾರ್ಟನ್, ಸೆರೆಮನೆಯೊಳಗೆ ದಾರಿ ಮಾಡಿಕೊಡಬಲ್ಲ ಗೂಢಚಾರ ಬಾರ್ಸಾದ್‌ನನ್ನು ಇಸ್ಪೀಟಿನ ಆಟವಾಡಿದಂತೆ ಒಂದೊಂದೇ ಎಲೆ ಇಳಿಸಿ ಕಟ್ಟಿಹಾಕುತ್ತಾನಲ್ಲ, ಆಗ ಬಾರ್ಸಾದ್ ತನ್ನ ಜೊತೆಗಾರ ಕ್ಲೈ ಸತ್ತುಹೋದನೆಂದು ಸಮಾಧಿಯ ದಾಖಲೆಯನ್ನೇ ತೆಗೆದು ತೋರಿಸುತ್ತಾನೆ. ಆ ಗಳಿಗೆಯಲ್ಲಿ ಮೂಲೆಯಿಂದ ಎದ್ದು ಬಂದ ಜೆರ್ರಿ, ಆ ಪೆಟ್ಟಿಗೆಯಲ್ಲಿ ಇದ್ದದ್ದು ಕಲ್ಲು ಮತ್ತು ಮಣ್ಣು ಎನ್ನುತ್ತಾನೆ. ಬಾರ್ಸಾದ್ ಎಲೆ ಕೆಳಗಿಡುತ್ತಾನೆ. ಆ ಕಲ್ಲುಗಳಿಲ್ಲದಿದ್ದರೆ ಕಾರ್ಟನ್‌ಗೆ ಸೆರೆಮನೆಯ ಬಾಗಿಲು ತೆರೆಯುತ್ತಿರಲಿಲ್ಲ, ಡಾರ್ನೆ ಬದುಕುತ್ತಿರಲಿಲ್ಲ. ಇದನ್ನು ಚಿಲ್ಲರೆ ಸಂಗತಿ ಎನ್ನುವುದಾದರೆ ಕಥೆಯ ಕೀಲನ್ನೇ ಚಿಲ್ಲರೆ ಎಂದಂತಾಗುತ್ತದೆ.

ತಾವು ಅತಿ ಕ್ಷುಲ್ಲಕವೆಂದು ಎತ್ತಿ ತೋರಿಸಿರುವ ಎಣಿಕೆಯ ಪ್ರಶ್ನೆಯನ್ನು ನಾನು ಇಡೀ ಪಟ್ಟಿಯಲ್ಲಿ ಅತ್ಯಂತ ಮುಖ್ಯವೆಂದು ಭಾವಿಸಿದ್ದೇನೆ. ಕ್ರಾಂತಿಯ ಬಗ್ಗೆ ಏನನ್ನೂ ಕೇಳಿಲ್ಲ ಎಂಬ ತಮ್ಮ ದೂರಿಗೂ ಉತ್ತರ ಅದರಲ್ಲೇ ಇದೆ. ಪ್ಯಾರಿಸ್ಸಿನ ಬಾಸ್ಟೀಲ್ ಕೋಟೆಯ ಸೆರೆಯಲ್ಲಿ ಹತ್ತನೆಯ ವರ್ಷ ಕಳೆಯುತ್ತಿದ್ದ, ಮುಂದೆ ಡಾರ್ನೆಗೆ ಮಾವನಾಗುವ ಡಾಕ್ಟರ್ ಮ್ಯಾನೆಟ್, 1767ರ ಡಿಸೆಂಬರ್‌ನಲ್ಲಿ, ತುಕ್ಕು ಹಿಡಿದ ಕಬ್ಬಿಣದ ಮೊನೆಯನ್ನೇ ಲೇಖನಿ ಮಾಡಿಕೊಂಡು, ಮಸಿಗೆ ರಕ್ತ ಬೆರೆಸಿ ಬರೆದು ಬಚ್ಚಿಟ್ಟ ಕಾಗದ ಮೂರನೆಯ ಭಾಗದ 10ನೆಯ ಅಧ್ಯಾಯವನ್ನು ತುಂಬಿಕೊಂಡಿದೆ. 1757ರ ಡಿಸೆಂಬರ್‌ನ ಒಂದು ರಾತ್ರಿ ಡಾರ್ನೆ ಹುಟ್ಟಿದ ಎವ್ರೆಮಾಂಡ್ ಮನೆತನದ ಅಣ್ಣತಮ್ಮಂದಿರು ಅವನನ್ನು ಗಾಡಿಯಲ್ಲಿ ಕರೆದೊಯ್ದು ಕೈಗಳನ್ನು ಬಿಗಿದ ತರುಣಿಯೊಬ್ಬಳ ಹಾಸಿಗೆಯ ಬಳಿ ನಿಲ್ಲಿಸುತ್ತಾರೆ. ಅವಳು ಗಂಡನನ್ನು, ತಂದೆಯನ್ನು, ತಮ್ಮನನ್ನು ಕೂಗಿ, ಒಂದರಿಂದ ಹನ್ನೆರಡರವರೆಗೆ ಎಣಿಸಿ, ಕ್ಷಣ ಸುಮ್ಮನಾಗಿ, ಮತ್ತೆ ಮೊದಲಿನಿಂದ ಅದೇ ಕೂಗು, ಅದೇ ಎಣಿಕೆ ಹಿಡಿಯುತ್ತಾಳೆ. ವೈದ್ಯನಿಗೆ ಅರ್ಥವಾಗುವುದಿಲ್ಲ, ಓದುಗರಿಗೂ ಆಗುವುದಿಲ್ಲ. ಲಾಯದ ಮೇಲಿನ ಅಟ್ಟದಲ್ಲಿ, ಹುಲ್ಲಿನ ಮೇಲೆ, ಕತ್ತಿಯ ತಿವಿತಕ್ಕೆ ಸಿಕ್ಕಿ ಸಾಯುತ್ತ ಬಿದ್ದಿರುವ ಅವಳ ತಮ್ಮ ಮುಂದೆ ಅದನ್ನು ಬಿಡಿಸಿ ಹೇಳುತ್ತಾನೆ. ತೆರಿಗೆ ಕಿತ್ತುಕೊಳ್ಳುವುದು, ಒಡೆಯನ ಗಿರಣಿಯಲ್ಲೇ ಧಾನ್ಯ ಬೀಸಿಸಿಕೊಳ್ಳಬೇಕಾಗಿರುವುದು, ಒಡೆಯನ ಹಕ್ಕಿಗಳು ಪೈರು ತಿಂದರೂ ಓಡಿಸಲಾಗದಿರುವುದು, ಎಂದೋ ಒಂದು ತುಂಡು ಮಾಂಸ ಸಿಕ್ಕಿದರೆ ಕಿಟಕಿ ಬಾಗಿಲು ಮುಚ್ಚಿ ಹೆದರುತ್ತ ತಿನ್ನಬೇಕಾಗಿರುವುದು, ಇವೆಲ್ಲವನ್ನೂ ಅವನು ಹೇಳುತ್ತಾನೆ. ಅಕ್ಕನ ಮೇಲೆ ಕಣ್ಣು ಹಾಕಿದ ಒಡೆಯರು ಅವಳ ಗಂಡನನ್ನು ಹಗಲು ಗಾಡಿಗೆ ಹೂಡಿದರು, ರಾತ್ರಿ ತಮ್ಮ ನಿದ್ದೆಗೆ ಭಂಗ ಬಾರದಂತೆ ಕಪ್ಪೆಗಳ ಸದ್ದಡಗಿಸಲು ತೇವದ ಬಯಲಲ್ಲಿ ನಿಲ್ಲಿಸಿದರು. ಒಂದು ಮಧ್ಯಾಹ್ನ ನೊಗದಿಂದ ಬಿಡಿಸಿದಾಗ ಅವನು ಗಂಟೆಯ ಒಂದೊಂದು ಹೊಡೆತಕ್ಕೂ ಒಂದೊಂದು ಬಿಕ್ಕಿನಂತೆ ಹನ್ನೆರಡು ಸಲ ಬಿಕ್ಕಿ ಹೆಂಡತಿಯ ಎದೆಯ ಮೇಲೆ ಪ್ರಾಣ ಬಿಟ್ಟ.

ಹನ್ನೆರಡು ಎಂಬ ಉತ್ತರ ಈ ಗಂಟೆಯದು. ಆ ಹುಡುಗ ದೂರಕ್ಕೆ ಸಾಗಿಸಿ ಉಳಿಸಿದ ತಂಗಿಯೇ ಮುಂದೆ ಪ್ಯಾರಿಸ್ಸಿನ ಬಡವರ ಕೇರಿ ಸೇಂಟ್ ಆಂಟ್ವಾನ್‌ನ ಮದ್ಯದಂಗಡಿಯಲ್ಲಿ ಕೂತು ಶತ್ರುಗಳ ಹೆಸರುಗಳನ್ನು ಹೆಣೆಯುವ ಮದಾಂ ದಫಾರ್ಜ್. ಕಾದಂಬರಿಯ ಕಟ್ಟಕಡೆಗೆ ಗಿಲೋಟಿನ್ನಿನ ಮುಂದೆ ಹೆಣಿಗೆ ಹಿಡಿದು ಕೂತ ಹೆಂಗಸರು ಉರುಳುವ ತಲೆಗಳನ್ನು ಎಣಿಸುತ್ತಾರೆ. ಬಡ ಹೊಲಿಗೆಯ ಹುಡುಗಿ ಇಪ್ಪತ್ತೆರಡು, ಕಾರ್ಟನ್ ಇಪ್ಪತ್ಮೂರು. ಅಕ್ಕನ ಎಣಿಕೆಯನ್ನು ಕೇಳಿಸಿಕೊಂಡವರಿಗೆ ಈ ಎಣಿಕೆ ಬೇರೆಯದೇ ರೀತಿಯಲ್ಲಿ ಕೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಡಿಕನ್ಸ್ ಇವೆರಡನ್ನು ಬೇಕೆಂದೇ ಜೋಡಿಸಿದನೆಂದು ನಾನು ಪಣ ತೊಡಲಾರೆ. ಇನ್ನೊಂದು ಮಾತು. ಡಾರ್ನೆಗೆ ಮರಣದಂಡನೆ ತಂದದ್ದು ಯಾರ ಕಾಗದ ಎಂಬ ಪ್ರಶ್ನೆಗೆ ತಾವು ಮದಾಂ ದಫಾರ್ಜ್ ಎಂದು ಬರೆದಿದ್ದಿರಿ. ಎವ್ರೆಮಾಂಡ್ ವಂಶದ ಕೊನೆಯ ಕುಡಿಯವರೆಗೂ ಶಪಿಸಿದ ಆ ಕಾಗದ ಡಾಕ್ಟರ್ ಮ್ಯಾನೆಟ್‌ನದೇ. ಬರೆದವನು ಕಣ್ಣೆದುರೇ ಕೂತಿರುವಾಗ ಅವನ ಅಳಿಯನ ವಿರುದ್ಧ ಅದನ್ನು ಓದಲಾಯಿತು. ಒಬ್ಬ ಸಜ್ಜನನ ನ್ಯಾಯವಾದ ಸಂಕಟ ಇನ್ನೊಬ್ಬ ನಿರಪರಾಧಿಯ ಕೊರಳಿಗೆ ಬರುತ್ತದೆ. ಕ್ರಾಂತಿಯ ಬಗ್ಗೆ ಈ ಕಾದಂಬರಿಗೆ ಹೇಳಲಿರುವುದರ ಬಹುಪಾಲು ಇಲ್ಲೇ ಇದೆ.

ತಾವು ಸೂಚಿಸಿರುವ ಪ್ರಶ್ನೆಗಳ ಬಗ್ಗೆ ಎರಡು ಮಾತು. ಕ್ರಾಂತಿಯ ನಾಯಕರಾದ ರೊಬೆಸ್ಪಿಯರ್, ದಾಂತೋ, ಮರಾ ಇವರಾರೂ ಈ ಕಾದಂಬರಿಯ ಪಾತ್ರಗಳಲ್ಲ. ಅವರನ್ನು ಕುರಿತು ಕೇಳಿದ್ದರೆ ಅದು ಇತಿಹಾಸದ ಪರೀಕ್ಷೆಯಾಗುತ್ತಿತ್ತು. ಡಿಕನ್ಸ್ ತಾನು ಥಾಮಸ್ ಕಾರ್ಲೈಲ್‌ನ 1837ರ ಇತಿಹಾಸಗ್ರಂಥಕ್ಕೆ ಋಣಿಯೆಂದು ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾನೆ, ನಿಜ. 1789ರ ಜುಲೈ 14ರಂದು ಬಾಸ್ಟೀಲ್‌ನಿಂದ ಬಿಡುಗಡೆಯಾದ ಕೈದಿಗಳು ಏಳೇ ಮಂದಿ ಎಂಬುದು ಇತಿಹಾಸದಲ್ಲೂ ಇದೆ, ಕಾದಂಬರಿಯಲ್ಲೂ ಇದೆ. ಆದರೆ ಕೋಟೆಯ ಅಧಿಕಾರಿಯ ತಲೆ ಕಡಿದವನು ಒಬ್ಬ ಅಡುಗೆಯವನೆಂದು ಇತಿಹಾಸ ಹೇಳುತ್ತದೆ. ಕಾದಂಬರಿಯಲ್ಲಿ ಆ ಚಾಕು ಮದಾಂ ದಫಾರ್ಜ್‌ಳ ಕೈಯಲ್ಲಿದೆ. ಎರಡನ್ನೂ ಬೆರೆಸಿ ಪ್ರಶ್ನೆ ಮಾಡಿದರೆ ಯಾವ ಉತ್ತರಕ್ಕೆ ಅಂಕ ಕೊಡಬೇಕೆಂಬ ಜಗಳ ಹುಟ್ಟುವುದು ಖಂಡಿತ.

ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಮಾದರಿ ಓದುಗರಿಗೆ ಅನುಕೂಲವೆಂದಿದ್ದೀರಿ. ನಮಗೂ ಅನುಕೂಲವೇ, ತಿದ್ದುವ ಕೆಲಸ ಬೇಗ ಮುಗಿಯುತ್ತದೆ. ಆದರೆ ಓದದವರೂ ಊಹಿಸಿ ನಾಲ್ಕರಲ್ಲೊಂದು ಪಾಲು ಅಂಕ ಪಡೆಯಬಹುದಾದ್ದರಿಂದ ಮುಂದಿನ ರಸಪ್ರಶ್ನೆಯಲ್ಲೂ ಅದನ್ನು ತರುವುದಿಲ್ಲ.

ಪುಸ್ತಕ ತೆರೆದಿಟ್ಟುಕೊಂಡು ಉತ್ತರಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ. 1859ರ ಏಪ್ರಿಲ್ 30ರಿಂದ ನವೆಂಬರ್ 26ರವರೆಗೆ ಈ ಕಥೆ ಡಿಕನ್ಸ್‌ನ ಸ್ವಂತ ವಾರಪತ್ರಿಕೆಯಲ್ಲಿ 31 ಕಂತುಗಳಾಗಿ ಬಂದಾಗ, ಹಿಂದಿನ ತಿಂಗಳುಗಳ ತುಕ್ಕಿನ ಬೆರಳನ್ನು ನೆನಪಿಸಿಕೊಳ್ಳಲು ಅಂದಿನ ಓದುಗರೂ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿರಬೇಕು. ನಮ್ಮ ನಿಯಮಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ. ಎಣಿಕೆ ಎಷ್ಟೆಂದು ಹುಡುಕಲು 10ನೆಯ ಅಧ್ಯಾಯ ತೆರೆದವರಿಗೆ ಸಂಖ್ಯೆ ಬೇಗ ಸಿಗುತ್ತದೆ. ಆ ಸಂಖ್ಯೆ ಏಕೆ ಎಂಬುದಕ್ಕೆ ಇನ್ನೂ ಕೆಲವು ಪುಟ ಓದಬೇಕು, ಮತ್ತು ನಮ್ಮ ಪ್ರಶ್ನೆ ಎರಡನ್ನೂ ಕೇಳಿತ್ತು.

ಇತಿ,
ಸಂಪಾದಕ