ಮರ್ಸಿಡಿಸ್ 380ಎಸ್‌ಎಲ್ ಕಾರಿಗೆ ಹಿಂದಿನ ಯುರೋ ಬಂಪರ್ ಮಾತ್ರ ಹಾಕಿಸಬಹುದಾ? ಸ್ಟೇನ್‌ಲೆಸ್ ತಗೊಳ್ಳಲಾ, ಹಳೇ ಒರಿಜಿನಲ್ ಹುಡುಕಲಾ?

"ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕೋದಷ್ಟೇ, ಒಂದು ಶನಿವಾರದ ಕೆಲಸ ಅಂತಾರೆ" ಅಂತ ಬರೆದಿದ್ದೀರಲ್ಲ, ಓದಿ ನಗು ಬಂತು. ಐದು ವರ್ಷದ ಹಿಂದೆ ನಾನೂ ನನ್ನ ಹೆಂಡತಿಗೆ ಇದೇ ಮಾತು ಹೇಳಿದ್ದೆ. ನಿಮ್ಮದು 1984ರದು, ನನ್ನದು 1985ರದು. ಅದೇ ಮರ್ಸಿಡಿಸ್ 380ಎಸ್‌ಎಲ್, ಅದೇ ಅಮೆರಿಕದ ಮಾಡೆಲ್, ಹಿಂದೆ ಜಗಲಿ ಕಟ್ಟಿಸಿದ ಹಾಗೆ ಚಾಚಿಕೊಂಡಿರೋ ಅದೇ ಬಂಪರ್.

ನಾನಿರೋದು ನ್ಯೂ ಜೆರ್ಸಿಯಲ್ಲಿ. ಕಾರು ನನ್ನ ಹತ್ತಿರ ಬರುವ ಹೊತ್ತಿಗೆ ಮೂವರ ಕೈ ದಾಟಿತ್ತು. ಓಡೋದರಲ್ಲಿ ಏನೂ ತಕರಾರಿರಲಿಲ್ಲ, ತಕರಾರಿದ್ದದ್ದು ನನ್ನ ಕಣ್ಣಿಗೆ. ಯುರೋಪಿನಲ್ಲಿ ಮಾರಿದ ಇದೇ ಆರ್107ರ (ನಮ್ಮ ಈ ಎಸ್‌ಎಲ್‌ಗೆ ಕಂಪನಿ ಇಟ್ಟ ಒಳಹೆಸರು ಅದು) ಫೋಟೋ ನೋಡಿದ್ದೇ ತಪ್ಪಾಯಿತು. ಅಲ್ಲಿ ಬಂಪರ್ ಮೈಗೆ ಅಂಟಿಕೊಂಡು, ಕಾಲುಂಗುರದ ಹಾಗೆ ತೆಳ್ಳಗೆ ಕೂತಿರುತ್ತೆ. ಹಿಂದುಮುಂದು ಎರಡೂ ಸೇರಿ ನಮ್ಮ ಕಾರು ಯುರೋಪಿನದಕ್ಕಿಂತ 9-10 ಇಂಚು ಉದ್ದ. ಕಾರು ಅದೇ, ಉದ್ದವೆಲ್ಲ ಬಂಪರಿನದು.

ಆ ಜಗಲಿ ಕಂಪನಿಯವರು ಆಸೆಪಟ್ಟು ಕಟ್ಟಿದ್ದಲ್ಲ. 1973ರ ಮಾಡೆಲ್‌ಗಳಿಂದ ಅಮೆರಿಕ ಸರ್ಕಾರ ಒಂದು ನಿಯಮ ತಂತು. ಗಂಟೆಗೆ 5 ಮೈಲಿ, ಅಂದರೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಮುಂದಿನಿಂದ ಗುದ್ದಿದರೂ ಲೈಟು, ಇಂಧನದ ವ್ಯವಸ್ಥೆ ಇಂಥವು ಕೆಡಬಾರದು. ಹಿಂಭಾಗಕ್ಕೆ ಮೊದಲು ಎರಡೂವರೆ ಮೈಲಿ ಇತ್ತು, 1974ರಿಂದ ಅದೂ 5 ಆಯಿತು. ಅದಕ್ಕೇ ಬಂಪರ್ ಹಿಂದೆ ಹೈಡ್ರಾಲಿಕ್ ಶಾಕ್ ಅಬ್ಸಾರ್ಬರ್, ಅಂದರೆ ಗುದ್ದು ನುಂಗೋ ಕೊಳವೆ, ಇಟ್ಟು ಅದನ್ನು ಅಷ್ಟು ದೂರ ತಳ್ಳಿದರು. 1983ರ ಮಾಡೆಲ್‌ಗಳಿಗೆ ಸರ್ಕಾರವೇ 5ನ್ನು ಎರಡೂವರೆಗೆ ಇಳಿಸಿತು. ಆದರೂ ಅಮೆರಿಕದ ಈ ಎಸ್‌ಎಲ್ 1989ರಲ್ಲಿ ನಿಲ್ಲೋವರೆಗೆ ದೊಡ್ಡ ಬಂಪರ್ ಬಿಡಲಿಲ್ಲ. ನಿಮ್ಮ ಕಾರೂ ನನ್ನ ಕಾರೂ ನಿಯಮ ಸಡಿಲವಾದ ಮೇಲೆ ಹುಟ್ಟಿದವು, ಹುಟ್ಟಿದ್ದು ಮಾತ್ರ ಅಣ್ಣನ ಅಂಗಿಯಲ್ಲಿ.

ಸರಿ, ಶನಿವಾರಕ್ಕೆ ಬರ್ತೀನಿ. ಬಂಪರ್ ಆನ್‌ಲೈನಲ್ಲಿ ತರಿಸಿದ್ದೆ. ಸ್ಟೇನ್‌ಲೆಸ್, ಮೂರು ತುಂಡು: ನಡುವಿನದೊಂದು, ಮೂಲೆಯವೆರಡು. ಬ್ರ್ಯಾಕೆಟ್ ಜೊತೆಗೇ ಬಂದಿತ್ತು. ಶುಕ್ರವಾರ ರಾತ್ರಿಯೇ ನಟ್‌ಗಳಿಗೆಲ್ಲ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಟ್ಟೆ. ಬೆಳಿಗ್ಗೆ ಭಾವ ಬಂದರು, ಅಕ್ಕನ ಗಂಡ. ಗ್ಯಾರೇಜಿನ ನೆಲಕ್ಕೆ ಅಮ್ಮ ಹೊಲಿದು ಕಳಿಸಿದ್ದ ಕೌದಿ ಹಾಸಿದೆವು (ಅಮ್ಮನಿಗೆ ಇದು ಗೊತ್ತಿಲ್ಲ, ಯಾರೂ ಹೇಳಬೇಡಿ). ಹಳೇ ಬಂಪರನ್ನು ಇಬ್ಬರೂ ಹಿಡಿದು ಅದರ ಮೇಲೆ ಇಳಿಸಿದೆವು. ಒಬ್ಬರ ಕೈಲಿ ಆಗೋ ತೂಕ ಅಲ್ಲ ಅದು.

ಬಿಚ್ಚುವಾಗ ಎಡಗಡೆಯಿಂದ ಮೂರು ವಾಷರ್ ಜಾರಿ ನನ್ನ ಅಂಗೈಗೆ ಬಿದ್ದವು. ದಪ್ಪನೆಯವು, ತುಕ್ಕಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು, ತೂತಿನ ಕಾಸು ಪೇರಿಸಿದ ಹಾಗೆ. ಬಲಗಡೆ ಒಂದೂ ಇರಲಿಲ್ಲ. "ಇದ್ಯಾಕೋ ಎಕ್ಸ್‌ಟ್ರಾ ಹಾಕಿದ್ದಾರೆ ಭಾವ" ಅಂದೆ. "ಇಟ್ಕೋ, ಯಾವ್ದಕ್ಕಾದ್ರೂ ಆಗುತ್ತೆ" ಅಂದರು. ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕಿಟ್ಟೆ.

ನನ್ನ ದುಡ್ಡು ಹೋದದ್ದು ಅಲ್ಲೇ. ಇದನ್ನು ಉದ್ದಕ್ಕೇ ಹೇಳ್ತೀನಿ, ಬೇಜಾರಾಗಬೇಡಿ.

ಬಿಚ್ಚುವ ಮೊದಲು ನಾನು ಅಳತೆ ಮಾಡಿರಲಿಲ್ಲ ಅಂತಲ್ಲ. ಮಾಡಿದ್ದೆ, ಅದೂ ಜಂಬದಿಂದ. ನೆಲದಿಂದ ಬಂಪರಿಗೆ ಎಷ್ಟು, ಎಡಬಲ ಎರಡೂ ಕಡೆ. ಬಂಪರಿಗೂ ಮೈಗೂ ನಡುವೆ ಎಷ್ಟು ಸಂದು, ಅದೂ ಎರಡೂ ಕಡೆ. ಎಲ್ಲ ಸಮ. ಹಾಗಾಗಿ ಕಾರಿನ ಮೈ ನೆಟ್ಟಗಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಆದರೆ ನಾನು ಅಳೆದದ್ದು ಬಂಪರನ್ನು, ಮೈಯನ್ನಲ್ಲ. ಹೋಟೆಲಲ್ಲಿ ಅಲ್ಲಾಡೋ ಟೇಬಲ್ಲಿನ ಒಂದು ಕಾಲಿಗೆ ರಟ್ಟು ಮಡಚಿ ಇಡ್ತಾರಲ್ಲ, ಆಮೇಲೆ ಕಾಫಿ ಚೆಲ್ಲೋದಿಲ್ಲ. ಕಾಫಿ ಚೆಲ್ಲಲಿಲ್ಲ ಅಂತ ನೆಲ ಸಮ ಇದೆ ಅನ್ನೋಕಾಗುತ್ತಾ? ಆ ಮೂರು ವಾಷರೇ ರಟ್ಟು. ಹಿಂದೆ ಯಾರೋ ಎಡಗಡೆಗೆ ಗುದ್ದಿ, ಹಿಂದಿನ ಪ್ಯಾನೆಲ್ ಸ್ವಲ್ಪ ಒಳಗೆ ಹೋಗಿತ್ತು. ರಿಪೇರಿ ಮಾಡಿದವರು ಅದನ್ನು ಹೊರಗೆಳೆಯುವ ಬದಲು ವಾಷರ್ ಇಟ್ಟು ಬಂಪರನ್ನು ಮಾತ್ರ ನೆಟ್ಟಗೆ ನಿಲ್ಲಿಸಿದ್ದರು. ಅಮೆರಿಕದ ಬಂಪರ್ ಮೈಯಿಂದ ಅಷ್ಟು ದೂರ ನಿಲ್ಲುತ್ತಲ್ಲ, ಅದರ ಹಿಂದೆ ಅರ್ಧ ಇಂಚು ಸೊಟ್ಟಗಿದ್ದರೂ ಯಾರ ಕಣ್ಣಿಗೂ ಬೀಳೋದಿಲ್ಲ. ಯುರೋ ಬಂಪರ್ ಹಾಗಲ್ಲ. ಅದು ಮೈಗೆ ಹತ್ತಿ ಕೂರೋದರಿಂದ 5 ಮಿಲಿಮೀಟರ್ ಆಚೀಚೆ ಆದರೂ ಬೀದಿಯ ಆ ತುದಿಯಿಂದ ಕಾಣುತ್ತೆ.

ಕಂಡಿತು ಕೂಡ. ಹೊಸದನ್ನು ಎತ್ತಿ ಹಿಡಿದರೆ ಎಡಮೂಲೆ ಫೆಂಡರಿನ (ಚಕ್ರದ ಮೇಲಿನ ತಗಡು) ಬಣ್ಣಕ್ಕೆ ತಾಗಿತು, ಬಲಗಡೆ ಹೆಬ್ಬೆರಳು ಹೋಗುವಷ್ಟು ಸಂದು. ಮಾರಿದವನಿಗೆ ಬಾಯ್ತುಂಬ ಬೈದೆ. ನಕಲಿ ಮಾಲಿನ ಹಣೆಬರಹವೇ ಇಷ್ಟು ಅಂದುಕೊಂಡೆ. ಒಂದಿಷ್ಟು ಎಡಕ್ಕೆ ಸರಿಸಿದರೆ ಎರಡೂ ಕಡೆ ಸಮ ಆಗುತ್ತೆ ಅನ್ನಿಸಿತು. ಬ್ರ್ಯಾಕೆಟ್ಟಿನ ಉದ್ದ ತೂತಿನಲ್ಲಿ ಎಷ್ಟು ಸರಿಯಬಹುದೋ ಅಷ್ಟು ಸರಿಸಿದೆ, ಸಾಲಲಿಲ್ಲ. ಆಗ ಡ್ರಿಲ್ ತಗೊಂಡೆ. ಬ್ರ್ಯಾಕೆಟ್ಟಿನ ತೂತು ದೊಡ್ಡದು ಮಾಡಿದ್ದರೂ ಕ್ಷಮಿಸಬಹುದಿತ್ತು, ಅದು ಕೆಟ್ಟರೆ ಇನ್ನೊಂದು ಸಿಗುತ್ತೆ. ನಾನು ಕಾರಿನ ಮೈಯಲ್ಲೇ ತೂತು ಹಿಗ್ಗಿಸಿದೆ.

ಸಂಜೆಗೆ ಬಂಪರ್ ನೆಟ್ಟಗೆ ಕೂತಿತು. ಫೋಟೋ ಹಾಕಿದೆ, ಊರಿಂದೆಲ್ಲ ಶಹಬ್ಬಾಸ್ ಬಂತು.

ಹಿಗ್ಗಿಸಿದ ತೂತಿನ ಅಂಚು ಬೆತ್ತಲೆ ಕಬ್ಬಿಣ. ಅದಕ್ಕೆ ಪ್ರೈಮರ್ ಹೊಡೆಯಲಿಲ್ಲ. ನೀರು ಹೋಗದಿರಲಿ ಅಂತ ಬಚ್ಚಲಮನೆಗೆ ತಂದಿದ್ದ ಸಿಲಿಕೋನ್ ಮೆತ್ತಿದೆ. ಹಾಕುವಾಗ ವಿನೆಗರ್ ವಾಸನೆ ಬರುತ್ತಲ್ಲ, ಆ ಜಾತಿಯದು. ಅದು ಒಣಗುವಾಗ ಬಿಡೋದು ಅಸಿಟಿಕ್ ಆಮ್ಲ. ಬೆತ್ತಲೆ ಕಬ್ಬಿಣಕ್ಕೆ ಹುಳಿ ಹಿಂಡಿ ಮುಚ್ಚಿದ ಹಾಗಾಯಿತು. ಮೇಲಿಂದ ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ನಾನೋ ಬಿಸಿಲು ಬಂದ ದಿನ ತಡೆಯಲಾರದೆ ಕಾರು ತೆಗೆಯುತ್ತಿದ್ದೆ. ಎರಡು ಚಳಿಗಾಲ ಕಳೆಯಿತು. ಡಿಕ್ಕಿ ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಕಾರ್ಪೆಟ್ ಎತ್ತಿದರೆ ಬೋಲ್ಟಿನ ಸುತ್ತ ತುಕ್ಕು ಅಪ್ಪಳದ ಹಾಗೆ ಉಬ್ಬಿತ್ತು, ಬೆರಳಿಟ್ಟರೆ ಪುಡಿಪುಡಿ.

ಬಾಡಿ ಶಾಪಿನ ಮುದುಕ ಮೊದಲು ಮಾಡಿದ ಕೆಲಸ ಅಂದರೆ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಪ್ಯಾನೆಲ್ಲಿನ ಎಡಗಡೆಗೆ ಇಟ್ಟದ್ದು. ಅದು ನಿಲ್ಲಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಬಲಗಡೆ ಇಟ್ಟ, ಟಪ್ ಅಂತ ಹಿಡಿಯಿತು. ಬಣ್ಣದ ದಪ್ಪ ಅಳೆಯೋ ಮೀಟರ್ ಇಟ್ಟರೆ ಬಲಗಡೆ ನೂರೈವತ್ತು ಮೈಕ್ರಾನ್ ಒಳಗೆ, ಎಡಗಡೆ ಸಾವಿರದ ಮೇಲೆ. ಅಷ್ಟೂ ಪುಟ್ಟಿ. ಮನೆಗೆ ಬಂದು ಹೆಂಡತಿಗೆ "ಡಿಕ್ಕಿಗೆ ಯಾರೋ ಹಿಂದೆಯೇ ಡಿಕ್ಕಿ ಹೊಡೆದಿದ್ದಾರೆ ಕಣೇ" ಅಂದರೆ ಅವಳು ನಗಲೂ ಇಲ್ಲ, "ಎಷ್ಟಂತೆ?" ಅಂದಳು. ಬಂಪರಿಗೆ ಕೊಟ್ಟಿದ್ದರ ಮೂರರಷ್ಟು. ವಾಷರ್ ಬಿದ್ದ ದಿನವೇ ಹೋಗಿದ್ದರೆ ಪ್ಯಾನೆಲ್ ಎಳೆದು ಬಣ್ಣ ಹೊಡೆಯೋದರಲ್ಲಿ ಮುಗೀತಿತ್ತು. ಈಗ ತುಕ್ಕು ಹಿಡಿದ ಜಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕಾಯಿತು. ಪ್ಯಾನೆಲ್ ನೆಟ್ಟಗಾದ ಮೇಲೆ ನಾನು ಬೈದಿದ್ದ ಅದೇ ನಕಲಿ ಬಂಪರ್ ಒಂದು ಏಟೂ ಇಲ್ಲದೆ ಕೂತಿತು. ಮಾರಿದವನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಈಗ ನಿಮ್ಮ ಪ್ರಶ್ನೆ. ಸ್ಟೇನ್‌ಲೆಸ್ಸಾ ಒರಿಜಿನಲ್ಲಾ ಅನ್ನೋದು ಮೂರನೇ ಪ್ರಶ್ನೆ, ನೀವು ಅದನ್ನೇ ಮೊದಲು ಕೇಳ್ತಿದ್ದೀರಿ. ಉತ್ತರ ಬೇಕೇ ಬೇಕು ಅಂದರೆ: ಸ್ಟೇನ್‌ಲೆಸ್ಸಿನ ಹೊಳಪು ತುಸು ಹಳದಿ ಕಡೆಗೆ, ಒರಿಜಿನಲ್ ಬಂಪರಿನ ಕ್ರೋಮಿನದು ನೀಲಿ ಕಡೆಗೆ. ಗ್ರಿಲ್ ಪಕ್ಕದಲ್ಲಿ ಇಟ್ಟಾಗ ಗೊತ್ತಾಗುತ್ತೆ, ಹಿಂದುಗಡೆ ಅಷ್ಟು ಗೊತ್ತಾಗೋಲ್ಲ. ಡೊಂಕಿಲ್ಲದ ಹಳೇ ಒರಿಜಿನಲ್ ಸಿಕ್ಕರೆ ನಾನು ಅದನ್ನೇ ತಗೊಳ್ತೀನಿ.

ಆದರೆ ಹಿಂದಿನದು ಮಾತ್ರ ಹಾಕೋ ಯೋಚನೆ ಬಿಟ್ಟುಬಿಡಿ. ಮುಂದಿನದು ಆಮೇಲೆ ನೋಡೋಣ ಅಂದವರ ಕಾರು ವರ್ಷಗಟ್ಟಲೆ ಮುಂದೆ ಜಗಲಿ, ಹಿಂದೆ ಬೋಳು ಆಗಿಯೇ ಓಡಾಡೋದನ್ನ ನೋಡಿದ್ದೀನಿ, ನನ್ನದೇ ಎರಡು ವರ್ಷ ಹಾಗಿತ್ತು. ಪಂಚೆ ಉಟ್ಟು ಮೇಲೆ ಕೋಟು ಹಾಕಿದರೆ ಗಂಭೀರವಾಗಿ ಕಾಣುತ್ತೆ, ಇದು ಹಾಗೂ ಕಾಣೋದಿಲ್ಲ. ಎರಡಕ್ಕೂ ದುಡ್ಡು ಕೂಡಿದಾಗ ಒಟ್ಟಿಗೆ ಮಾಡಿ. ಇನ್ನು, ನೀವು ರಸ್ತೆಬದಿ ಪಾರ್ಕ್ ಮಾಡೋರಾದರೆ ಮಾಡಲೇಬೇಡಿ. ಆ ಕುರೂಪಿ ಬಂಪರ್ ಪಾರ್ಕಿಂಗಿನ ಸಣ್ಣ ಗುದ್ದು ನುಂಗಿಕೊಂಡು ಮತ್ತೆ ಜಾಗಕ್ಕೆ ಬರುತ್ತೆ. ಯುರೋ ಬಂಪರ್ ಹಾಕಿದ ಮೇಲೆ ಅದೇ ಗುದ್ದು ಬ್ರ್ಯಾಕೆಟ್ ಹಿಡಿದು ಸೀದಾ ಪ್ಯಾನೆಲ್ಲಿಗೆ ಹೋಗುತ್ತೆ.

ಮಾಡೇ ಮಾಡ್ತೀನಿ ಅಂದರೆ, ಹಳೇ ಬಂಪರ್ ಇಳಿಸಿದ ಮೇಲೆ ಅವತ್ತು ಹೊಸದನ್ನು ಮುಟ್ಟಬೇಡಿ. ಗಾರೆಯವರು ಗೋಡೆ ನೋಡೋಕೆ ದಾರಕ್ಕೆ ಗುಂಡು ಕಟ್ಟಿ ಬಿಡ್ತಾರಲ್ಲ, ಹಾಗೆ ಹಿಂದಿನ ಪ್ಯಾನೆಲ್ಲಿನ ಎಡಬಲದ ಬೋಲ್ಟ್ ತೂತುಗಳಿಂದ ಬಿಟ್ಟು ನೆಲದಲ್ಲಿ ಗುರುತು ಹಾಕಿ. ಹಿಂದಿನ ಸಸ್ಪೆನ್ಷನ್ ಮೈಗೆ ಸೇರೋ ಕಡೆಯಿಂದಲೂ ಎರಡು ಗುರುತು. ಕಾರು ಪಕ್ಕಕ್ಕೆ ತಳ್ಳಿ ಈ ನಾಲ್ಕರ ನಡುವೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಕರ್ಣ ಹೊಂದಲಿಲ್ಲ ಅಂದರೆ ಬಂಪರಿನ ಡಬ್ಬ ಒಡೆಯದೆ ಬಾಡಿ ಶಾಪಿಗೆ ಹೋಗಿ. ಹೊಂದಿದರೆ ಫೆಂಡರಿಗೆ ಎರಡು ಪದರ ಟೇಪ್ ಅಂಟಿಸಿ, ನಟ್ ಕೈಯಲ್ಲಷ್ಟೇ ತಿರುಗಿಸಿ ಬಂಪರ್ ಕೂರಿಸಿ ನೋಡಿ. ಕೂರದಿದ್ದರೆ ಬಂಪರ್ ಇಳಿಸಿ, ಡ್ರಿಲ್ ಮಾತ್ರ ಎತ್ತಬೇಡಿ. ಬಿಚ್ಚಿದ ಶಾಕ್ ಅಬ್ಸಾರ್ಬರನ್ನು ಕತ್ತರಿಸೋದು, ಗ್ಯಾಸ್ ಟಾರ್ಚಿನಲ್ಲಿ ಕಾಯಿಸೋದು ಬೇಡವೇ ಬೇಡ, ಬಾಯಿ ಮುಚ್ಚಿದ ಕೊಳವೆ ಅದು, ಸಿಡಿಯುತ್ತೆ. ಹಳೇ ಬಂಪರ್ ಬಿಸಾಡಬೇಡಿ, ಮುಂದೆ ಕಾರು ಕೊಳ್ಳುವವರು ಮೊದಲು ಕೇಳೋದೇ ಅದನ್ನ. ನಮ್ಮದು ಬಟ್ಟೆ ಒಗೆಯೋ ಮೆಷಿನ್ನಿನ ಹಿಂದೆ ನಿಂತಿದೆ, ಅದರ ಬಗ್ಗೆ ಮನೆಯಲ್ಲಿ ಮಾತಾಡೋ ಹಾಗಿಲ್ಲ.

ಸದ್ಯಕ್ಕೆ ಏನೂ ಕೊಳ್ಳಬೇಡಿ. ಡಿಕ್ಕಿಯ ಕಾರ್ಪೆಟ್ ಎತ್ತಿ, ಎಡಬಲ ಎರಡೂ ಕಡೆಯ ಬೋಲ್ಟ್ ಹತ್ತಿರದಿಂದ ಕಾಣುವ ಹಾಗೆ ಫೋಟೋ ಹಾಕಿ. ಒಂದು ಕಡೆ ಇರೋ ವಾಷರ್ ಇನ್ನೊಂದು ಕಡೆ ಇಲ್ಲದಿದ್ದರೆ ಅದನ್ನೂ ಬರೆಯಿರಿ.