ಮೊದಲು ಬೆಲ್ಟ್, ಆಮೇಲೆ ಪಿಸ್ತೂಲು

ಡಾಲಸ್ ಹತ್ತಿರ ಪಿಸ್ತೂಲು ಲೈಸೆನ್ಸಿನ ತರಗತಿ ನಡೆಸುತ್ತೇನೆ ಎಂದು ಹಿಂದಿನ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಈ ಪ್ರಶ್ನೆಗಳೆಲ್ಲ ಬಂದಿವೆ. ಹೆಸರು ಹಾಕಬೇಡಿ ಅಂದವರ ಹೆಸರು ಹಾಕಿಲ್ಲ. ಲೈಸೆನ್ಸಿನ ಬಗ್ಗೆ ಇಲ್ಲಿ ಹೇಳಿರುವುದು ಟೆಕ್ಸಸ್ ಮಾತು. ರಾಜ್ಯದ ಗಡಿ ದಾಟಿದರೆ ಕಾನೂನೂ ಬದಲಾಗುತ್ತದೆ, ನೆನಪಿರಲಿ.

ಪ್ರಶ್ನೆ: ಅಕ್ಕ, ನಾನು ವಿರಾಜಪೇಟೆ ಕಡೆಯವನು. ಚಿಕ್ಕಂದಿನಿಂದ ಕೋವಿ ಹಿಡಿದು ಅಭ್ಯಾಸ. ಈಗ ಎಚ್-1ಬಿ ಕೆಲಸದ ವೀಸಾ ಮೇಲೆ ಇರ್ವಿಂಗ್‌ನಲ್ಲಿ ಇದ್ದೇನೆ. ಗ್ರೀನ್ ಕಾರ್ಡಿಗೆ ಕಂಪನಿ ಹಾಕಿದ ಐ-140 ಅರ್ಜಿ ಅಪ್ರೂವ್ ಆಗಿದೆ. ಟೆಕ್ಸಸ್‌ನಲ್ಲಿ ಈಗ ಲೈಸೆನ್ಸೇ ಬೇಡವಂತಲ್ಲ? ಒಂದು ಪಿಸ್ತೂಲು ಕೊಂಡರೆ ತಪ್ಪೇನು?

ಉತ್ತರ: ಕೊಳ್ಳಬೇಡಿ. ಗೆಳೆಯರ ಪಿಸ್ತೂಲನ್ನು ಕೈಯಲ್ಲಿ ಹಿಡಿದು ನೋಡುವುದೂ ಬೇಡ.

ನಾನೂ ಕೊಡಗಿನ ಮನೆಯಲ್ಲೇ ಬೆಳೆದವಳು. ಕೈಲ್ ಮುಹೂರ್ತದ ಹಬ್ಬದ ದಿನ ಅಪ್ಪ ಗೋಡೆಯ ಮೇಲಿದ್ದ ಕೋವಿ ಇಳಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆಗೆ ಇಡುತ್ತಿದ್ದರು. ಅಲ್ಲಿ ನಮಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಹಾಗಾಗಿ ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಇಲ್ಲಿ ನಿಮ್ಮನ್ನು ತಡೆಯುತ್ತಿರುವುದು ಟೆಕ್ಸಸ್ ಅಲ್ಲ, ಇಡೀ ಅಮೆರಿಕಕ್ಕೆ ಅನ್ವಯಿಸುವ ಫೆಡರಲ್ ಕಾನೂನು.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ವರ್ಷ ತುಂಬಿದವರು ಲೈಸೆನ್ಸ್ ಇಲ್ಲದೆ ಪಿಸ್ತೂಲು ಒಯ್ಯಬಹುದು, ನಿಜ. ಆದರೆ ಅದು ಗನ್ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದವರಿಗೆ ಮಾತ್ರ. ನಾನ್-ಇಮಿಗ್ರಂಟ್ ವೀಸಾ, ಅಂದರೆ ಕಾಯಂ ವಾಸಕ್ಕಲ್ಲದ ವೀಸಾ ಮೇಲೆ ಬಂದವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನು ಹೇಳುತ್ತದೆ. ಎಚ್-1ಬಿ, ಎಚ್-4, ಎಲ್-1, ಎಫ್-1, ನಮ್ಮ ಅಪ್ಪ ಅಮ್ಮ ಬರುವ ಬಿ-2, ಎಲ್ಲ ಅದರೊಳಗೆ ಬರುತ್ತವೆ. ಐ-140 ಆದ ಮಾತ್ರಕ್ಕೆ ನಿಮ್ಮ ವೀಸಾ ಬದಲಾಗುವುದಿಲ್ಲ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಕೊಡುವ ಪಿಸ್ತೂಲು ಕೈಗೆ ತೆಗೆದುಕೊಂಡರೂ ಅದನ್ನು ಇಟ್ಟುಕೊಂಡಂತೆಯೇ ಲೆಕ್ಕ ಹಾಕಬಹುದು. 15 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಅದರ ಜೊತೆಗೆ ಗಡೀಪಾರು. ಹತ್ತು ವರ್ಷ ಕಾದ ಗ್ರೀನ್ ಕಾರ್ಡ್ ಸಾಲು ಒಂದೇ ಮಧ್ಯಾಹ್ನದಲ್ಲಿ ಹೋಗಿಬಿಡುತ್ತದೆ.

ಒಂದು ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಈ ನಿಷೇಧ ತಟ್ಟುವುದಿಲ್ಲ. ಇದನ್ನು ಕೇಳಿ ಬಹಳ ಜನ ನೇರ ಅಂಗಡಿಗೆ ಓಡುತ್ತಾರೆ. ಅವರು ಮರೆಯುವ ವಿಷಯ ಇದು: ಟೆಕ್ಸಸ್ ಬೇಟೆ ಲೈಸೆನ್ಸ್ ಪ್ರತಿ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸುವುದು ಮರೆತರೆ, ಸೆಪ್ಟೆಂಬರ್ 1ರ ಬೆಳಿಗ್ಗೆ ಕಪಾಟಿನಲ್ಲಿ ಸುಮ್ನೆ ಕೂತ ಗನ್ನೇ ಅಪರಾಧ. ಈ ದಾರಿ ಹಿಡಿಯುವ ಮುಂಚೆ ಇಮಿಗ್ರೇಷನ್ ವಕೀಲರಿಂದ ಬರಹದಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ನನ್ನ ತರಗತಿಗೆ ಹಣ ಕಟ್ಟಿ ಬಂದ ಒಬ್ಬ ಹುಡುಗನಿಗೆ ಪಾರ್ಕಿಂಗ್ ಜಾಗದಲ್ಲೇ ಹಣ ವಾಪಸ್ ಕೊಟ್ಟು ಕಳಿಸಿದ್ದೇನೆ. ಅವನಿಗೆ ಬೇಸರವಾಯಿತು. ನನಗೂ ಆಯಿತು. ಇವತ್ತು ಬಂದರೂ ಅದನ್ನೇ ಮಾಡುತ್ತೇನೆ.

ಪ್ರಶ್ನೆ: ನಾನು ನರ್ಸ್, ಗ್ರೀನ್ ಕಾರ್ಡ್ ಇದೆ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಕಾರಿನವರೆಗೆ ನಡೆಯಬೇಕು. ಲೈಸೆನ್ಸ್ ಬೇಡ ಅಂತಾದ ಮೇಲೂ ಅದನ್ನು ಮಾಡಿಸಬೇಕಾ? ಹೇಗೆ ಮಾಡಿಸುವುದು? (ಫ್ರಿಸ್ಕೋ)

ಉತ್ತರ: ಮಾಡಿಸಿ. ದೊಡ್ಡ ಕಾರಣ ಶಾಲೆ. ಶಾಲೆಯ ಆವರಣದಿಂದ 1000 ಅಡಿಯೊಳಗೆ ಗನ್ ಒಯ್ಯುವುದು ಫೆಡರಲ್ ಅಪರಾಧ. ಆ ರಾಜ್ಯದ್ದೇ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ ಇದೆ. ನಮ್ಮ ಊರುಗಳಲ್ಲಿ ಶಾಲೆಯ ಪಕ್ಕ ಹಾಯದೆ ಹಾಲು ತರಲೂ ಆಗುವುದಿಲ್ಲ, ಅಲ್ವಾ? ಶಾಲೆಯ ಕಟ್ಟಡದ ಒಳಗೆ ಮಾತ್ರ ಲೈಸೆನ್ಸ್ ಇದ್ದರೂ ಒಯ್ಯುವಂತಿಲ್ಲ.

ಅರ್ಜಿ ಟೆಕ್ಸಸ್ ಸಾರ್ವಜನಿಕ ಸುರಕ್ಷತಾ ಇಲಾಖೆಯ (ಡಿಪಿಎಸ್) ವೆಬ್‌ಸೈಟಿನಲ್ಲಿ, ಶುಲ್ಕ 40 ಡಾಲರ್. ಬೆರಳಚ್ಚು ಕೊಡಬೇಕು. ತರಗತಿ 4ರಿಂದ 6 ಗಂಟೆ, ಕೊನೆಗೆ ಲಿಖಿತ ಪರೀಕ್ಷೆ. ಆಮೇಲೆ ರೇಂಜಿನಲ್ಲಿ 50 ಗುಂಡು: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕಕ್ಕೆ 175 ಬಂದರೆ ಪಾಸು. ಇದು ಕಷ್ಟದ ಪರೀಕ್ಷೆ ಅಲ್ಲ. ಪಾಸಾದಿರಿ ಅಂದರೆ ನಿಮಗೆ ಬರುತ್ತದೆ ಅಂತಲ್ಲ, ಕಲಿಯಲು ಶುರು ಮಾಡಬಹುದು ಅಂತ. ತಿಂಗಳಿಗೊಮ್ಮೆಯಾದರೂ ರೇಂಜಿಗೆ ಹೋಗಿ.

ಬಾಗಿಲಲ್ಲಿ ಹಾಕುವ ಬೋರ್ಡುಗಳನ್ನು ಓದಲು ಕಲಿಯಿರಿ. ಅವುಗಳ ಮೇಲಿನ ನಂಬರು ಟೆಕ್ಸಸ್ ಕಾನೂನಿನ ಸೆಕ್ಷನ್. 30.06 ಎಂದಿದ್ದರೆ ಲೈಸೆನ್ಸ್ ಇದ್ದರೂ ಮುಚ್ಚಿಟ್ಟುಕೊಂಡು ಒಳಗೆ ಹೋಗುವಂತಿಲ್ಲ. 30.07 ಎದ್ದು ಕಾಣುವಂತೆ ಒಯ್ಯುವವರಿಗೆ ತಡೆ. 30.05 ಮಾತ್ರ ಇದ್ದರೆ ಅದು ಲೈಸೆನ್ಸ್ ಇಲ್ಲದವರಿಗೆ. ಬಾರಿನ ಬಾಗಿಲಲ್ಲಿ ಕೆಂಪು 51% ಬೋರ್ಡು (ಆದಾಯದ ಬಹುಪಾಲು ಮದ್ಯದಿಂದ ಬರುವ ಜಾಗ ಅಂತ) ಕಂಡರೆ ಪಿಸ್ತೂಲಿನ ಜೊತೆ ಒಳಗೆ ಕಾಲಿಡಬೇಡಿ. ಪೊಲೀಸರು ಗುರುತಿನ ಚೀಟಿ ಕೇಳಿದರೆ, ಪಿಸ್ತೂಲು ಮೈಮೇಲಿದ್ದಾಗ, ಡ್ರೈವಿಂಗ್ ಲೈಸೆನ್ಸಿನ ಜೊತೆ ಪಿಸ್ತೂಲಿನ ಲೈಸೆನ್ಸನ್ನೂ ಕೊಡಬೇಕು.

ನಿಮ್ಮ ಆಸ್ಪತ್ರೆ ಒಳಗೆ ಬೇಡ ಅನ್ನಬಹುದು. ಆದರೆ ಬೀಗ ಹಾಕಿದ ನಿಮ್ಮ ಸ್ವಂತ ಕಾರಿನಲ್ಲಿ ಇಡುವುದನ್ನು ತಡೆಯಲು ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ ಮಾಲೀಕರಿಗೆ ಅಧಿಕಾರವಿಲ್ಲ. ಹಾಗಂತ ಡ್ಯಾಶ್‌ಬೋರ್ಡಿನ ಗೂಡಿಗೆ ಹಾಕಿ ಹೋಗಬೇಡಿ. ಸೀಟಿನ ಕಬ್ಬಿಣಕ್ಕೆ ಕೇಬಲ್ಲಿನಿಂದ ಬಿಗಿದ ಉಕ್ಕಿನ ಲಾಕ್‌ಬಾಕ್ಸ್ ಕೊಳ್ಳಿ. ಬಿಚ್ಚುವಾಗ ಪಿಸ್ತೂಲನ್ನು ಅದರ ಕವಚವಾದ ಹೋಲ್‌ಸ್ಟರಿನಿಂದ ಎಳೆಯಬೇಡಿ. ಹೋಲ್‌ಸ್ಟರ್ ಸಮೇತ ಬೆಲ್ಟಿನಿಂದ ಬಿಡಿಸಿ, ಹಾಗೇ ಪೆಟ್ಟಿಗೆಗೆ ಇಡಿ. ಟ್ರಿಗರ್ ಒಂದು ಕ್ಷಣವೂ ಬೆತ್ತಲೆ ಇರಬಾರದು. ದಿನಾ ತೆಗೆದು ಹಾಕುವ ನಿಮ್ಮಂಥವರು ಸುಲಭವಾಗಿ ಬಿಡಿಸಬಹುದಾದ ಗಟ್ಟಿ ಕ್ಲಿಪ್ ಇರುವ ಹೋಲ್‌ಸ್ಟರನ್ನೇ ಹುಡುಕಬೇಕು.

ಪ್ರಶ್ನೆ: ಗ್ಲಾಕ್ 19 ಪಿಸ್ತೂಲು ಕೊಂಡೆ. ಹೋಲ್‌ಸ್ಟರ್ ಆನ್‌ಲೈನಿನಲ್ಲಿ 15 ಡಾಲರಿಗೆ ಸಿಕ್ಕಿತು. ಆಫೀಸಿಗೆ ಹಾಕುವ ಬೆಲ್ಟನ್ನೇ ಬಳಸುತ್ತಿದ್ದೇನೆ. ಪ್ಯಾಂಟ್ ಜಾರುತ್ತದೆ, ಅಂಗಿ ಉಬ್ಬುತ್ತದೆ, ನನ್ನ ಹೆಂಡತಿ ಅಡುಗೆಮನೆಯಿಂದಲೇ ಕಾಣುತ್ತದೆ ಅಂತಾಳೆ. ಸಣ್ಣ ಪಿಸ್ತೂಲು ಕೊಳ್ಳಲಾ? ನನಗೆ ಸ್ವಲ್ಪ ಹೊಟ್ಟೆ ಬೇರೆ ಇದೆ. (ಪ್ಲೇನೋ)

ಉತ್ತರ: ಪಿಸ್ತೂಲು ಬದಲಿಸಬೇಡಿ, ಬೆಲ್ಟ್ ಬದಲಿಸಿ. ಪ್ರತಿ ತರಗತಿಯಲ್ಲೂ ಈ ಮಾತು ಹೇಳುತ್ತೇನೆ. ಆರುನೂರು ಡಾಲರ್ ಕೊಟ್ಟು ಪಿಸ್ತೂಲು ತರುತ್ತಾರೆ, ಅದನ್ನು ಹೊರುವುದಕ್ಕೆ ಮದುವೆಗೆ ಹಾಕಿದ ಬೆಲ್ಟ್.

ಗುಂಡು ತುಂಬಿದ ಗ್ಲಾಕ್ 19 ಸುಮಾರು 850 ಗ್ರಾಂ ತೂಗುತ್ತದೆ. ಆಫೀಸ್ ಬೆಲ್ಟ್ ಪ್ಯಾಂಟ್ ಹಿಡಿಯಲು ಮಾಡಿದ್ದು, ಅಷ್ಟು ಭಾರ ಹೊರಲು ಅಲ್ಲ. ಭಾರ ಬಿದ್ದಾಗ ಅದು ಸುಮ್ನೆ ಜೋತು ಬೀಳುವುದಿಲ್ಲ, ತಿರುಚಿಕೊಳ್ಳುತ್ತದೆ. ಮೇಲಂಚು ಹೊರಗೆ ವಾಲುತ್ತದೆ. ಅದರ ಜೊತೆ ಪಿಸ್ತೂಲಿನ ಹಿಡಿಯೂ ಮೈಯಿಂದ ದೂರ ವಾಲುತ್ತದೆ. ನಿಮ್ಮ ಹೆಂಡತಿಗೆ ಕಂಡಿದ್ದು ಆ ಹಿಡಿ. ನಳಿಗೆ ಪ್ಯಾಂಟಿನೊಳಗೆ ಅಡಗುತ್ತದೆ, ಅದು ಎಷ್ಟು ಉದ್ದವಿದ್ದರೂ ಅಷ್ಟೇನೂ ತೊಂದರೆ ಇಲ್ಲ. ಅಡಗಿಸಲು ಕಷ್ಟವಾಗುವುದು ಯಾವಾಗಲೂ ಹಿಡಿಯೇ.

ಅಂಗಡಿಯಲ್ಲಿ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಒದ್ದೆ ಟವೆಲ್ ಹಿಂಡುವ ಹಾಗೆ ತಿರುಚಿ ನೋಡಿ. ಸುಲಭವಾಗಿ ತಿರುಚಿಕೊಂಡರೆ ವಾಪಸ್ ಇಡಿ. ಎರಡು ಪದರ ತೊಗಲಿನ ನಡುವೆ ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ ಇರುವ ಬೆಲ್ಟ್ ಒಳ್ಳೆಯದು. ಒಳಗೆ ಬಿಗಿ ಇರುವ ನೈಲಾನ್ ಬೆಲ್ಟೂ ಆಗುತ್ತದೆ. ಅಗಲ ಒಂದೂವರೆ ಇಂಚು. ಹೋಲ್‌ಸ್ಟರಿನ ಕ್ಲಿಪ್ಪೂ ಅದೇ ಅಗಲಕ್ಕೆ ಇರಬೇಕು, ಇಲ್ಲದಿದ್ದರೆ ಒಳಗೆ ಅಲ್ಲಾಡುತ್ತದೆ. ಮಾಮೂಲಿ ಬೆಲ್ಟಿನಲ್ಲಿ ತೂತಿನಿಂದ ತೂತಿಗೆ ಒಂದು ಇಂಚು ಅಂತರ. ಒಂದರಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ. ತೂತಿಲ್ಲದೆ ಕಾಲು ಇಂಚಿನ ಹಲ್ಲುಗಳ ಮೇಲೆ ಜಾರುವ ರ‍್ಯಾಚೆಟ್ ಬೆಲ್ಟ್ ನಿಮಗೆ ಹೊಂದುತ್ತದೆ. ಕಾರಿನಲ್ಲಿ ಕೂತಾಗ ಒಂದು ಹಲ್ಲು ಬಿಡಿ, ಎದ್ದಾಗ ಬಿಗಿ ಮಾಡಿ. ಅಳತೆಗೆ ಪ್ಯಾಂಟಿನ ನಂಬರ್ ನಂಬಬೇಡಿ. ಹೋಲ್‌ಸ್ಟರ್ ಸಿಕ್ಕಿಸಿಕೊಂಡೇ ಸೊಂಟದ ಸುತ್ತ ಟೇಪು ಹಿಡಿಯಿರಿ. ಪ್ಯಾಂಟೂ ಎರಡು ಇಂಚು ದೊಡ್ಡದು ಬೇಕು.

ಹೊಟ್ಟೆ ಇದ್ದವರಿಗೆ ಮುಂಭಾಗ ಕಷ್ಟ. ಬಲಗೈಯವರಾದರೆ ಗಡಿಯಾರದ ನಾಲ್ಕು ಗಂಟೆಯ ಜಾಗ, ಅಂದರೆ ಸೊಂಟದ ಮೂಳೆಯ ಸ್ವಲ್ಪ ಹಿಂದೆ ಇಡಿ. ಹಿಡಿ ಮುಂದಕ್ಕೆ ಓರೆಯಾಗುವಂತೆ ಹೋಲ್‌ಸ್ಟರನ್ನು ಸ್ವಲ್ಪ ಬಾಗಿಸಿದರೆ ಅಂಗಿ ನೀಟಾಗಿ ಕೂರುತ್ತದೆ.

ಇನ್ನು ಆ 15 ಡಾಲರಿನದು. ಎಲ್ಲ ಪಿಸ್ತೂಲಿಗೂ ಆಗುತ್ತದೆ ಅನ್ನುವ ಮೆತ್ತನೆ ಬಟ್ಟೆಯ ಚೀಲ ತಾನೇ? ಇವತ್ತೇ ಬಿಸಾಡಿ. ಹೋಲ್‌ಸ್ಟರ್ ನಿಮ್ಮ ಪಿಸ್ತೂಲಿನ ಮಾದರಿಗೆ ಅಂತಲೇ ಮಾಡಿದ್ದಾಗಿರಬೇಕು. ಪಿಸ್ತೂಲನ್ನು ಖಾಲಿ ಮಾಡಿ, ಗುಂಡು ಕೂರುವ ಚೇಂಬರನ್ನು ಕಣ್ಣಲ್ಲೂ ಬೆರಳಲ್ಲೂ ಎರಡು ಸಲ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿ. ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿದರೆ ಟ್ರಿಗರ್ ಅಲ್ಲಾಡಬಾರದು. ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಕೊಡವಿದರೆ ಪಿಸ್ತೂಲು ಬೀಳಬಾರದು. ಹೊರಗೆ ಎಳೆದ ಮೇಲೆ ಹೋಲ್‌ಸ್ಟರಿನ ಬಾಯಿ ಮುಚ್ಚಿಕೊಳ್ಳಬಾರದು.

ಈ ಮೂರನೆಯದನ್ನು ನಾನು ಹೆದರಿ ಕಲಿತೆ. ನನ್ನ ಮೊದಲ ಹೋಲ್‌ಸ್ಟರ್ ತೊಗಲಿನದು, ಕೈಯಲ್ಲಿ ಹಿಡಿದರೆ ಹಳೆ ಚಪ್ಪಲಿಯಷ್ಟು ಹಿತ. ನಾಲ್ಕು ಬೇಸಿಗೆಯ ಬೆವರು ಕುಡಿದು ಅದರ ಬಾಯಂಚು ಮೆತ್ತಗಾಗಿತ್ತು. ಒಂದು ದಿನ ರೇಂಜಿನಲ್ಲಿ ಪಿಸ್ತೂಲು ವಾಪಸ್ ಇಡುವಾಗ ಅರ್ಧದಲ್ಲಿ ಏನೋ ತಡೆಯಿತು. ಒತ್ತಲಿಲ್ಲ, ನಿಂತು ಬಗ್ಗಿ ನೋಡಿದೆ. ತೊಗಲಿನ ಅಂಚು ನಾಲಿಗೆಯ ಹಾಗೆ ಒಳಕ್ಕೆ ಮಡಚಿಕೊಂಡು ಟ್ರಿಗರಿನ ಮುಂದೆ ಸಿಕ್ಕಿಕೊಂಡಿತ್ತು. ಇನ್ನೊಂದು ಅಂಗುಲ ಒತ್ತಿದ್ದರೆ ಗುಂಡು ನನ್ನ ತೊಡೆಗೆ. ಮನೆಗೆ ಬಂದು ಆ ಹೋಲ್‌ಸ್ಟರನ್ನು ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿ ಹಾಕಿದೆ, ಕಸದಿಂದ ಯಾರೂ ಎತ್ತಿಕೊಂಡು ಬಳಸಬಾರದು ಅಂತ. ತೊಗಲು ಕೆಟ್ಟದ್ದಲ್ಲ. ಬಾಯಿಗೆ ಲೋಹದ ಪಟ್ಟಿ ಹೊಲಿದದ್ದು ಇದ್ದರೆ ಕೊಳ್ಳಿ, ಆಗಾಗ ಬೆರಳಾಡಿಸಿ ನೋಡಿ. ಹೊಸಬರಿಗೆ ನಾನು ಹೇಳುವುದು ಕೈಡೆಕ್ಸ್. ಗಟ್ಟಿ ಪ್ಲಾಸ್ಟಿಕ್, ಬೆವರಿಗೆ ಕರಗಲ್ಲ, ಬಾಯಿ ತೆರೆದೇ ಇರುತ್ತದೆ. ವಾಪಸ್ ಇಡುವಾಗ ಅವಸರ ಬೇಡ. ಬೆರಳು ಟ್ರಿಗರಿನಿಂದ ಹೊರಗೆ, ಅಂಗಿಯನ್ನು ಎಡಗೈಯಲ್ಲಿ ಮೇಲೆತ್ತಿ, ಕಣ್ಣಲ್ಲಿ ನೋಡುತ್ತಾ ಇಡಿ.

ಪ್ರಶ್ನೆ: ಬೆಲ್ಟ್ ಮಾತೆಲ್ಲ ಗಂಡಸರಿಗೆ ಆಯಿತು. ಕುರ್ತಾ, ಲೆಗಿಂಗ್ಸ್, ಸೀರೆ ಹಾಕುವ ನಾವೇನು ಮಾಡಬೇಕು? ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡರೆ ಆಗಲ್ವಾ? ಮನೆಯಲ್ಲಿ ಏಳು ವರ್ಷದ ಮಗ ಇದ್ದಾನೆ. (ಆಸ್ಟಿನ್)

ಉತ್ತರ: ಬ್ಯಾಗ್ ಬೇಡ. ಕಳ್ಳ ಮೊದಲು ಕಿತ್ತುಕೊಳ್ಳುವುದು ಬ್ಯಾಗನ್ನೇ. ನೀವು ಸೋಫಾ ಮೇಲೆ ಇಟ್ಟು ಒಳಗೆ ಹೋದಾಗ ಚಾಕಲೇಟ್ ಹುಡುಕುತ್ತಾ ಮಗ ತೆರೆಯುವುದೂ ಅದನ್ನೇ. 17 ವರ್ಷದೊಳಗಿನ ಮಗುವಿಗೆ ಗುಂಡು ತುಂಬಿದ ಗನ್ ಸಿಗುವಂತೆ ಅಜಾಗರೂಕತೆಯಿಂದ ಬಿಟ್ಟರೆ ಟೆಕ್ಸಸ್‌ನಲ್ಲಿ ಅದು ಅಪರಾಧ. ಕಾನೂನು ಹಾಗಿರಲಿ, ಆ ಮಗುವನ್ನು ನೆನೆಸಿಕೊಳ್ಳಿ. ಮೈಮೇಲೆ ಇಲ್ಲದಿದ್ದಾಗ ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಬೇಕು. ಕಪಾಟಿನ ಮೇಲಿನ ಹಲಗೆಗೆ ಕುರ್ಚಿ ಹಾಕಿ ಹತ್ತಲು ಏಳು ವರ್ಷದ ಹುಡುಗನಿಗೆ ಹೇಳಿಕೊಡಬೇಕಾಗಿಲ್ಲ.

ಕುರ್ತಾದ ಒಳಗೆ ಹೊಟ್ಟೆಗೆ ಸುತ್ತುವ ಅಗಲ ಎಲಾಸ್ಟಿಕ್ ಪಟ್ಟಿ ಸಿಗುತ್ತದೆ, ಬೆಲ್ಲಿ ಬ್ಯಾಂಡ್ ಅಂತ. ಬರೀ ಬಟ್ಟೆಯ ಜೇಬಿರುವುದು ಬೇಡ. ಟ್ರಿಗರ್ ಮುಚ್ಚುವ ಗಟ್ಟಿ ಕವಚ ಹೊಲಿದಿರುವುದನ್ನೇ ನೋಡಿ ತೆಗೆದುಕೊಳ್ಳಿ. ಸಿಗ್ ಪಿ365ರಂಥ ಅರ್ಧ ಕೆಜಿ ಪಿಸ್ತೂಲಿಗೆ ಅದು ಸಾಕು. ಜೀನ್ಸ್ ಹಾಕುವ ದಿನ ಬೆಲ್ಟೇ ವಾಸಿ. ದುಪಟ್ಟಾದ ತುದಿ, ಪೈಜಾಮದ ಲಾಡಿ, ಜಾಕೆಟ್ಟಿನ ದಾರದ ಗುಂಡಿ, ಇವುಗಳ ಬಗ್ಗೆ ಭಯ ಇರಲಿ. ಪಿಸ್ತೂಲು ಒಳಗೆ ಇಡುವಾಗ ಟ್ರಿಗರಿಗೆ ಸಿಕ್ಕಿಕೊಂಡು ಗುಂಡು ಹಾರಿಸುವುದು ಇವೇ.

ಸೀರೆ ಉಟ್ಟ ದಿನ ನಾನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಸೆರಗು, ನೆರಿಗೆ, ಒಳಲಂಗದ ಲಾಡಿಯ ನಡುವೆ ಅದನ್ನು ಸುರಕ್ಷಿತವಾಗಿ ನಿಲ್ಲಿಸುವ ದಾರಿ ನನಗೆ ಸಿಕ್ಕಿಲ್ಲ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ತಂಗಿಯ ಮನೆಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಹೋಗುವವರಿದ್ದೇವೆ. ಟೆಕ್ಸಸ್ ಲೈಸೆನ್ಸ್ ನಡೆಯುತ್ತದಾ? (ಹ್ಯೂಸ್ಟನ್)

ಉತ್ತರ: ಇಲ್ಲ. ಕ್ಯಾಲಿಫೋರ್ನಿಯಾ ಬೇರೆ ಯಾವ ರಾಜ್ಯದ ಲೈಸೆನ್ಸನ್ನೂ ಒಪ್ಪುವುದಿಲ್ಲ. ಪಿಸ್ತೂಲನ್ನು ಮನೆಯಲ್ಲೇ ಬೀಗ ಹಾಕಿಟ್ಟು ಹೋಗಿ.

ನನಗೆ ಹೆಚ್ಚು ಭಯ ನಿಮ್ಮ ಬ್ಯಾಗಿನದು. 2024ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,678 ಗನ್ ಸಿಕ್ಕಿವೆ. ಬ್ಯಾಗಿನಲ್ಲಿತ್ತು ಅಂತ ಮರೆತಿದ್ದೆ ಅನ್ನುವವರೇ ಜಾಸ್ತಿ. ನಿಲ್ದಾಣದಲ್ಲಿ ಒಂದೇ ಒಂದು ಜೀವಂತ ಗುಂಡು ಸಿಕ್ಕಿದರೂ ನಮ್ಮ ಭಾರತದಲ್ಲಿ ಆಯುಧ ಕಾಯ್ದೆಯಡಿ ಕೇಸು ಬೀಳುತ್ತದೆ. ರೇಂಜಿಗೆ ಒಯ್ಯುವ ಬ್ಯಾಗನ್ನು ಪ್ರಯಾಣಕ್ಕೆ ಯಾವತ್ತೂ ಬಳಸಬೇಡಿ. ನನ್ನದು ಗ್ಯಾರೇಜಿನ ಮೊಳೆಗೆ ತೂಗುಹಾಕಿದೆ, ಮೇಲೆ ಕೆಂಪು ಟೇಪು ಸುತ್ತಿದ್ದೇನೆ, ಮನೆಯವರು ಯಾರೂ ಅದರಲ್ಲಿ ಬಟ್ಟೆ ತುಂಬದಿರಲಿ ಅಂತ. ಈಗಾಗಲೇ ಬಳಸಿದ್ದರೆ ಆ ಸೂಟ್‌ಕೇಸು, ಬ್ಯಾಕ್‌ಪ್ಯಾಕು, ಹಾಕಿಕೊಂಡು ಹೋಗುವ ಜಾಕೆಟ್ಟಿನ ಜೇಬು, ಎಲ್ಲವನ್ನೂ ನೆಲದ ಮೇಲೆ ಮಗುಚಿ ಕೊಡವಿ. ಅಸ್ತರಿನ ಹೊಲಿಗೆ ಬಿಟ್ಟಿದ್ದರೆ ಆ ತೂತಿನೊಳಗೂ ಬೆರಳು ಹಾಕಿ ನೋಡಿ. 9 ಎಂಎಂ ಗುಂಡು ಅಂಥ ಜಾಗದಲ್ಲೇ ಜಾರಿ ಕೂತಿರುತ್ತದೆ.